ಯಾರದೋ ಕೋಟು, ನಮ್ಮತ್ತೆಯ ಬೆರಳು

ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಹುಚ್ಚು ಹಿಡಿಯಬೇಕು ಎಂದು ಯಾರಾದರೂ ಮೊದಲೇ ಬರೆದಿಟ್ಟಿದ್ದರೆ ನನ್ನಂಥವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಲವತ್ತೇಳಕ್ಕೆ ನಮ್ಮ ಕಡೆಯ ಹೆಂಗಸರು ಭಜನೆ ಮಂಡಳಿ ಸೇರುತ್ತಾರೆ, ಇಲ್ಲವೇ ಮಂಡಿನೋವು ಶುರು ಮಾಡಿಕೊಳ್ಳುತ್ತಾರೆ. ನನಗೆ ಮಂಡಿನೋವು ಮೊದಲೇ ಬಂದಿತ್ತು, ಭಜನೆಗೆ ಕಂಠ ಇರಲಿಲ್ಲ. ಹಾಗಾಗಿ ಕ್ಯಾಮೆರಾ ತೆಗೆದುಕೊಂಡೆ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಮಸೂರ, ನಾಭಿ, ತಲೆಕೆಳಗಾದ ಬಿಂಬ ಎಂದು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತ ಬಂದವಳು ನಾನು. ಒಮ್ಮೆ ಆ ಮಸೂರದ ಹಿಂದೆ ನಿಂತು ನೋಡಿದರೆ ತಪ್ಪೇನು? ತಪ್ಪು ಎಂದು ಊರು ಹೇಳಿತು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಸಂತೆಯಲ್ಲಿ ಸುತ್ತುವ ಟೀಚರನ್ನು ಕಂಡು, "ಏನ್ರಿ ಮೇಡಂ, ಪೇಪರಿಗೆ ಸೇರ್ಕಂಡ್ರಾ?" ಎಂದು ಟೊಮೆಟೊ ಮಾರುವವಳಿಂದ ಹಿಡಿದು ನಮ್ಮ ಹೆಡ್‌ಮಾಸ್ಟರವರೆಗೆ ಎಲ್ಲರೂ ಕೇಳಿದರು. ಕೇಳಲಿ. ನಾನೇನು ಕದ್ದ ಕ್ಯಾಮೆರಾ ಹಾಕಿಕೊಂಡು ಓಡಾಡುತ್ತಿರಲಿಲ್ಲ.

ಊರಿನವರ ಮಾತನ್ನು ಹೀಗೆ ಕೊಡವಿಕೊಂಡವಳಿಗೆ ನಿಜವಾದ ಪೆಟ್ಟು ಬಿದ್ದದ್ದು ಚಿತ್ರದುರ್ಗದ ಫೋಟೋ ಸಂಘದಲ್ಲಿ. ತಿಂಗಳಿಗೊಂದು ಭಾನುವಾರ ಸೇರುವ ಆ ಸಂಘದಲ್ಲಿ ಹನ್ನೊಂದು ಗಂಡಸರು ಮತ್ತು ನಾನು. ಹನ್ನೊಂದು ಜನರ ಹತ್ತಿರವೂ ಕೋಟೆಯ ಮೇಲೆ ಕೂತ ಮಂಗದ ಫೋಟೋ ಇದೆ. ಒಂದೇ ಮಂಗ, ಒಂದೇ ಬಂಡೆ, ಹಿಂದೆ ಒಂದೇ ಸೂರ್ಯಾಸ್ತ. ಆ ಮಂಗಕ್ಕೂ ಅಭ್ಯಾಸವಾಗಿಬಿಟ್ಟಿದೆ. ಕ್ಯಾಮೆರಾ ಚೀಲದ ಜಿಪ್ಪು ಎಳೆದ ಸದ್ದು ಕೇಳಿದರೆ ಸಾಕು, ಬಂದು ಬಂಡೆಯ ಮೇಲೆ ಓರೆಯಾಗಿ ಕೂತುಬಿಡುತ್ತದೆ. ನಾನೂ ತೆಗೆದೆ, ಸುಳ್ಳೇಕೆ ಹೇಳಲಿ. ನನ್ನ ಮಂಗವನ್ನೂ, ಮದಕರಿಪುರದ ಸೂರ್ಯಕಾಂತಿ ಹೊಲವನ್ನೂ, ರಾಮಗಿರಿ ಸ್ಟೇಷನ್ನಿನ ಖಾಲಿ ಬೆಂಚನ್ನೂ ನೋಡಿದ ಸಂಘದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ರಿಟೈರಾದ ಎಂಜಿನಿಯರು, ಕಟುವಾದದ್ದೇನಾದರೂ ಹೇಳುವ ಮುಂಚೆ ಕನ್ನಡಕ ಒರೆಸಿಕೊಳ್ಳುವವರು. "ಫೋಟೋ ಎಲ್ಲಾ ಚೆನ್ನಾಗವೆ ಮೇಡಂ. ಆದ್ರೆ ಇವನ್ನ ಯಾರ್ ಬೇಕಾದ್ರೂ ತೆಗೀಬಹುದು. ಇದ್ರಾಗೆ ನೀವೆಲ್ಲಿದೀರಿ?" ಎಂದರು. "ನಾನು ಕ್ಯಾಮೆರಾ ಹಿಂದೆ ಇದ್ದೆ ಸಾರ್," ಎಂದೆ. ಉಳಿದ ಹತ್ತು ಜನವೂ ಹೋ ಎಂದು ನಕ್ಕರು. ಒಂದೇ ಮಂಗವನ್ನು ಹನ್ನೊಂದು ಪಾಲು ಮಾಡಿಕೊಂಡವರು ನನ್ನನ್ನು ನೋಡಿ ನಗುವುದೆಂದರೆ! ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರು ಮಾತ್ರ ನಗದೆ, ಬೀರುವಿನಿಂದ ನಾಲ್ಕು ದಪ್ಪ ವಿದೇಶಿ ಪುಸ್ತಕ ತೆಗೆದುಕೊಟ್ಟರು. "ದೊಡ್ಡೋರು ಹೆಂಗ್ ನೋಡ್ಯಾರೆ ಅಂತ ನೋಡ್ರಿ. ಒಬ್ಬೊಬ್ಬರನ್ನ ಹಿಡ್ಕಂಡು ಒಂದೊಂದು ತಿಂಗಳು ಅಭ್ಯಾಸ ಮಾಡ್ರಿ. ನಿಮ್ದು ಅನ್ನೋದು ತಾನೇ ಬರ್ತೈತೆ." ಬರದೆ ಎಲ್ಲಿಗೆ ಹೋಗುತ್ತದೆ, ನಾನೂ ನೋಡೇಬಿಡುತ್ತೇನೆ ಎಂದು ನಾಲ್ಕೂ ಪುಸ್ತಕ ಹೊತ್ತುಕೊಂಡು ಬಂದೆ.

ಮೊದಲನೆಯ ಪುಸ್ತಕದ ಮಹಾನುಭಾವರು ಬರೀ ನೆರಳಿನ ಫೋಟೋ ತೆಗೆದವರು. ಒಂದು ತಿಂಗಳು ನಾನು ತಲೆ ತಗ್ಗಿಸಿಕೊಂಡೇ ಓಡಾಡಿದೆ. ಟೀಚರು ಏನೋ ಕಳೆದುಕೊಂಡಿದ್ದಾರೆ ಎಂದು ಬೀದಿಯವರೂ ಜೊತೆಗೆ ಹುಡುಕತೊಡಗಿದರು. ಅವರ ನೆರಳು ಬಿದ್ದು ನಾನು ಹಿಡಿಯಬೇಕಾದ ನೆರಳೆಲ್ಲ ಕೆಟ್ಟುಹೋಯಿತು. ಎರಡನೆಯವರದು ಕಾಯುವ ಪಂಥ. ಒಂದು ಒಳ್ಳೆಯ ಜಾಗ ಹಿಡಿದು ನಿಲ್ಲು, ಅಲ್ಲಾಡಬೇಡ, ಬದುಕು ತಾನಾಗಿ ನಿನ್ನ ಚೌಕಟ್ಟಿನೊಳಗೆ ನಡೆದು ಬರುತ್ತದೆ ಎಂಬುದು ಅವರ ಉಪದೇಶ. ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಬವೊಂದರ ಪಕ್ಕ ನಿಂತೆ. ಒಂದು ಗಂಟೆಯಾದರೂ ಬದುಕು ಬರಲಿಲ್ಲ, ಹೊಸದುರ್ಗದ ಬಸ್ಸಿನ ಕಂಡಕ್ಟರ್ ಬಂದ. "ಎಲ್ಲಿಗಮ್ಮ?" ಎಂದ. ಎಲ್ಲಿಗೂ ಇಲ್ಲವೆಂದು ತಲೆಯಾಡಿಸಿದೆ. ಟೀ ಕುಡಿದು ಬಂದು ಮತ್ತೆ ಕೇಳಿದ. ಮೂರನೆಯ ಸಲ ಅವನ ಮುಖದಲ್ಲಿ ಮರುಕ ಕಾಣಿಸಿತು. "ಮನೇಲಿ ಜಗಳ ಆಡ್ಕಂಡ್ ಬಂದೀರೇನ್ ತಾಯಿ? ಹಂಗೆಲ್ಲಾ ನಿಂತ್ಕಬಾರ್ದು. ಗಾಡಿ ಹೊಂಟೈತೆ, ಹತ್ರಿ, ಮನೆ ಸೇರ್ಕಳ್ರಿ," ಎಂದು ನನ್ನ ಕೈಚೀಲ ಇಸಿದುಕೊಂಡು ಹತ್ತಿಸಿಯೇಬಿಟ್ಟ. ಹೊಳಲ್ಕೆರೆಯವಳಾದ ನನ್ನ ಮನೆ ಹೊಸದುರ್ಗದಲ್ಲಿದೆ ಎಂದು ಅವನಿಗೆ ಯಾರು ಹೇಳಿದರೋ. ನಾನೊಂದು ಕ್ಷಣಕ್ಕಾಗಿ ಕಾಯುತ್ತಿದ್ದೇನೆ ಎಂದು ಬಸ್ಸು ತುಂಬ ಜನರೆದುರು ಹೇಳುವುದಕ್ಕಿಂತ ಹೊಸದುರ್ಗಕ್ಕೆ ಹೋಗಿ ಬರುವುದೇ ವಾಸಿ ಅನ್ನಿಸಿತು. ದಾರಿಯಲ್ಲಿ ಎರಡು ಸಲ ಕ್ಯಾಮೆರಾ ಎತ್ತಿ ಇಳಿಸಿ, ಮೂರನೆಯ ಸಲ ಅವನದೇ ಒಂದು ಫೋಟೋ ತೆಗೆದೆ. ಆ ಇಡೀ ತಿಂಗಳಿಗೆ ಗಿಟ್ಟಿದ್ದು ಅಷ್ಟೇ.

ಹೀಗೆ ನಾನು ದೊಡ್ಡವರ ಹಿಂದೆ ಅಲೆಯುತ್ತಿದ್ದಾಗಲೇ ನಮ್ಮತ್ತೆ ತಮ್ಮ ಬೇಡಿಕೆ ಮುಂದಿಟ್ಟರು. ಅತ್ತೆ ಹಿರೇಗುಂಟನೂರಿನವರು, ಎಪ್ಪತ್ತಾರು ವರ್ಷ, ಈಗ ನಮ್ಮ ಜೊತೆಗೇ ಇದ್ದಾರೆ. ಮಾವ ಹೋದಾಗ ಮೂಗುಬೊಟ್ಟು ತೆಗೆಯಿರಿ ಎಂದು ಬಂದವರನ್ನೆಲ್ಲ ಬೈದು ಬಾಗಿಲಿಂದಾಚೆ ಕಳಿಸಿದ ಹೆಂಗಸು. "ಲೇ, ಊರೋರ್ ನೆರಳು ತೆಗ್ದಿದ್ದು ಸಾಕು. ನಂದೊಂದು ಗೋಡೆ ಫೋಟೋ ತೆಗಿ," ಎಂದರು. ಗೋಡೆ ಫೋಟೋ ಎಂದರೆ ನಾವು ಹೋದ ಮೇಲೆ ನಡುಮನೆಯಲ್ಲಿ ಹಾರ ಹಾಕಿಸಿಕೊಳ್ಳುವ ಫೋಟೋ. "ಬರೋ ತಿಂಗಳು ಕಣ್ಣಿನ ಆಪ್ರೇಷನ್ ಐತೆ. ಆಮೇಲೆ ಆ ಕರೇ ಕನ್ನಡ್ಕ ಹಾಕಿಸ್ತಾರೆ, ಮುಖನೇ ಕಾಣಲ್ಲ. ಅದ್ಕೂ ಮುಂಚೆ ಆಗ್ಲಿ." ಸ್ಟುಡಿಯೋಕ್ಕೆ ಹೋಗಿ ಬರೋಣ ಎಂದೆ. ಆಗಲೇ ಹೋಗಿ ಬಂದಿದ್ದರು. ಟ್ರಂಕಿನಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅತ್ತೆಯನ್ನು ಹಾಲಿನ ಹಾಗೆ ಬೆಳ್ಳಗೆ ಮಾಡಿ, ಕೆನ್ನೆಯ ಸುಕ್ಕು ಒರೆಸಿ, ಮೈಮೇಲೆ ಎಲ್ಲಿಂದಲೋ ಒಂದು ರೇಷ್ಮೆ ಸೀರೆ ತಂದು ಹೊದಿಸಿದ್ದ. "ಯಾರೇ ಇವಳು?" ಎಂದು ಅತ್ತೆ ನನ್ನನ್ನೇ ಕೇಳಿದರು.

ಅತ್ತೆಯ ಹಟದ ಮೂಲ ಮಾವನವರ ಕೋಟು. ಮಾವ ಬದುಕಿದ್ದಷ್ಟು ದಿನ ಒಂಟಿಯಾಗಿ ಫೋಟೋ ತೆಗೆಸಿಕೊಂಡವರಲ್ಲ. ಅವರು ತೀರಿಕೊಂಡಾಗ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನ ಹಿಂದಿನ ಸಾಲಿನಲ್ಲಿ, ಎರಡು ಭುಜಗಳ ನಡುವೆ ಇಣುಕುತ್ತಿದ್ದ ತಲೆ. ಆಗಿನ ಸ್ಟುಡಿಯೋದವನು ಆ ತಲೆ ಕತ್ತರಿಸಿ, ತನ್ನಲ್ಲಿದ್ದ ಕೋಟಿನ ಫೋಟೋದ ಮೇಲೆ ಕೂರಿಸಿ ಕೊಟ್ಟ. ಹೆಗಲ ಮೇಲೆ ಟವೆಲ್ಲು ಬಿಟ್ಟರೆ ಬೇರೆ ಕಾಣದ, ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮ ಮಾವ ಹೀಗೆ ಟೈ ಕಟ್ಟಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಗೋಡೆ ಏರಿದರು. ಅದೇ ಕೋಟು, ಅದೇ ಪೆನ್ನು ಊರಿನ ಇನ್ನೂ ಮೂರು ಮನೆಯ ಗೋಡೆಯ ಮೇಲಿದೆ ಎಂಬುದು ಆಮೇಲೆ ಗೊತ್ತಾಯಿತು. "ಇಪ್ಪತ್ ವರ್ಷದಿಂದ ದಿನಾ ಬೆಳಿಗ್ಗೆದ್ದು ಯಾರದೋ ಕೋಟಿಗೆ ಕೈ ಮುಗೀತಿದೀನಿ ಕಣೆ," ಎಂದರು ಅತ್ತೆ. "ಮೊಮ್ಮಕ್ಳು, ತಾತ ಆಫೀಸರ್ ಆಗಿದ್ರಾ ಅಂತ ಕೇಳ್ತಾವೆ. ಅವರ ಹೆಗಲು ಹೆಂಗಿತ್ತು ಅನ್ನೋದು ನಂಗೇ ಮರ್ತ್ ಹೋಗೈತೆ. ನಂಗ್ ಹಂಗ್ ಮಾಡ್ಬ್ಯಾಡ್ರಿ. ನಾನ್ ಸತ್ತ ಮ್ಯಾಲೆ ಅಲ್ಲಿ ನಾನೇ ಇರ್ಬೇಕು." ಈ ಹೆಂಗಸಿನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಗಲಿ ಅತ್ತೆ, ನಾನೇ ತೆಗೆಯುತ್ತೇನೆ ಎಂದು ಮಾತು ಕೊಟ್ಟೆ.

ಸೊಸೆಯಾದವಳು ಅತ್ತೆಯ ಗೋಡೆ ಫೋಟೋ ತೆಗೆಯಲು ಹೊರಟರೆ ಊರು ಏನೆನ್ನುತ್ತದೆ ಎಂದು ಬೇರೆ ಹೇಳಬೇಕೆ? "ಟೀಚರಿಗೆ ಭಾರಿ ಅರ್ಜೆಂಟೈತೆ" ಎಂದು ಎದುರುಮನೆಯಲ್ಲಿ ಮಾತಾಯಿತು. ಅತ್ತೆ ಜಗಲಿಗೆ ಹೋಗಿ ನಿಂತು, "ನಂಗೇ ಅರ್ಜೆಂಟೈತೆ, ನಿಮ್ಗೇನ್ ತೊಂದ್ರೆ?" ಎಂದು ಕೂಗಿ ಬಂದರು. ಕಷ್ಟವಿದ್ದದ್ದು ಊರಿನಲ್ಲಲ್ಲ, ನನ್ನಲ್ಲಿ. ಆ ಹೊತ್ತಿಗೆ ನಾನು ಮೂರನೆಯ ಪುಸ್ತಕಕ್ಕೆ ಬಂದಿದ್ದೆ. ಅವರು ಮನುಷ್ಯನ ಕೈಯಲ್ಲೇ ಇಡೀ ಬಾಳನ್ನು ಕಂಡವರು. ನಾನೂ ಅತ್ತೆಯ ಕೈಗಳನ್ನು ಮೊರದ ಮೇಲಿರಿಸಿ, ಕಿಟಕಿಯ ಬೆಳಕಿನಲ್ಲಿ, ಒಂದೊಂದು ನರವೂ ಕಾಣುವ ಹಾಗೆ ತೆಗೆದೆ. ಇಷ್ಟು ಒಳ್ಳೆಯ ಫೋಟೋ ನಾನು ತೆಗೆದೇ ಇರಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ನಾನೆಲ್ಲಿದೀನೇ? ಹಾರ ಎಲ್ಲಿಗ್ ಹಾಕ್ತೀರಿ, ಮುಂಗೈಗಾ?" ಎಂದರು. ಅಧ್ಯಕ್ಷರು ಕೇಳಿದ್ದ ಪ್ರಶ್ನೆಯೇ ಮನೆಯಲ್ಲೂ ಬಂತಲ್ಲ ಎಂದು ಬೆವರಿಬಿಟ್ಟೆ. ಚಿತ್ರದುರ್ಗದ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿರುವ ನಮ್ಮನೆಯವರು ಪೇಪರಿನಿಂದ ತಲೆಯೆತ್ತದೆ, "ಸುಮ್ನೆ ಸ್ಟುಡಿಯೋದ್ದೇ ಇಟ್ಕಳಾಣ ಬಿಡವ್ವ," ಎಂದರು. ತಾಯಿ ಮತ್ತು ಹೆಂಡತಿ ಒಟ್ಟಿಗೆ ತಿರುಗಿ ನೋಡಿದ ಮೇಲೆ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿಕೊಂಡರು.

ಆಪರೇಷನ್ನಿಗೆ ಎರಡೇ ದಿನ ಉಳಿದಿತ್ತು. ನಾಲ್ಕನೆಯ ಪುಸ್ತಕದವರ ಪ್ರಕಾರ ಹಿಂದೆ ಬಿಳೀ ಬಟ್ಟೆ ಕಟ್ಟಬೇಕು, ಕೂತವರು ಕ್ಯಾಮೆರಾವನ್ನೇ ನೋಡಬೇಕು, ನಗಬಾರದು, ಮಾತಾಡಬಾರದು. ಆಗ ಆತ್ಮ ತಾನಾಗಿ ಮುಖಕ್ಕೆ ಬರುತ್ತದೆ. ಹಿತ್ತಲಲ್ಲಿ ಹಾಸಿಗೆಯ ಬಿಳೀ ಹೊದಿಕೆ ಕಟ್ಟಿದೆ. "ಕುಂತ್ಕಳ್ರಿ ಅತ್ತೆ, ಮಾತಾಡ್ಬ್ಯಾಡ್ರಿ," ಎಂದೆ. ಅತ್ತೆ ಮಡಿಲ ತುಂಬ ಅವರೆಕಾಯಿ ಹಾಕಿಕೊಂಡು ಕೂತರು. ಬೆಳಕು ಅಳೆದೆ. ಬಟ್ಟೆ ಸರಿಸಿದೆ. ಮೋಡ ಬಂತು, ಮತ್ತೆ ಅಳೆದೆ. ಅತ್ತೆಯ ಗದ್ದ ಎತ್ತಿಸಿದೆ, ಇಳಿಸಿದೆ. ಪುಸ್ತಕ ತಂದು ಪುಟ ತಿರುವಿ ನೋಡಿಕೊಂಡು ಬಂದು ಮತ್ತೆ ಎತ್ತಿಸಿದೆ. ಅತ್ತೆ ಎಷ್ಟು ಹೊತ್ತು ಸಹಿಸಿದರು ಎನ್ನುವುದೇ ಆಶ್ಚರ್ಯ. ಕೊನೆಗೆ ಸೆರಗು ಜಾರಿತು, ಅವರೆಕಾಯಿ ಚೆಲ್ಲಿತು, ಬಲಗೈಯ ತೋರುಬೆರಳು ಮೇಲೆದ್ದಿತು. "ಏನೇ ನಿಂದು? ಸಾಯೋಕ್ ಮುಂಚೆ ತೆಗೀತೀಯೋ, ಸತ್ತ ಮ್ಯಾಲೋ? ಆ ಪುಸ್ತಕದಾಗೆ ಇರೋಳು ನಿಮ್ಮತ್ತೆನೋ, ನಾನ್ ನಿಮ್ಮತ್ತೆನೋ? ಇತ್ಲಾಗ್ ನೋಡೇ!" ನನಗೂ ರೇಗಿತ್ತು. ಪುಸ್ತಕ ಬಿಸಾಕಿ, ಏನೂ ಅಳೆಯದೆ ಗುಂಡಿ ಒತ್ತಿಬಿಟ್ಟೆ.

ಸಂಜೆ ಅದನ್ನು ಪ್ರಿಂಟು ಹಾಕಿಸಿ ತಂದು ಹೆದರಿಕೊಂಡೇ ತೋರಿಸಿದೆ. ಹೊದಿಕೆ ಸೊಟ್ಟಗಿದೆ, ಒಂದು ಮೂಲೆಯಲ್ಲಿ ಒಣಹಾಕಿದ ಲಂಗ ಕಾಣುತ್ತದೆ. ನಡುವೆ ಅತ್ತೆ: ಬಾಯಿ ತೆರೆದಿದೆ, ಎರಡು ಹಲ್ಲಿಲ್ಲ, ಮೂಗುಬೊಟ್ಟು ಹೊಳೆಯುತ್ತಿದೆ, ಬೆರಳು ನೆಟ್ಟಗೆ ನೋಡುವವರ ಕಡೆಗೆ. ಅತ್ತೆ ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಹ್ಞೂಂ. ಇವಳು ನಾನು," ಎಂದರು. ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ. ನಮ್ಮನೆಯವರು, "ಬೈಯೋ ಫೋಟೋನ ಗೋಡೆಗ್ ಹಾಕ್ತಾರೇನವ್ವ? ನೆಂಟ್ರು ಏನಂದಾರು?" ಎಂದು ಗೋಗರೆದರು. "ನಾನ್ ಬೈಯೋದು ಯಾವ್ ನೆಂಟ್ರಿಗ್ ಗೊತ್ತಿಲ್ಲ? ಇವತ್ತೇ ಹಾಕು. ಹಾರ ಆಮೇಲ್ ಹಾಕೀರಂತೆ, ಅವಸರ ಬ್ಯಾಡ," ಎಂದು ಅತ್ತೆ ತಾವೇ ಸುತ್ತಿಗೆ ತಂದರು. ಬದುಕಿರುವವರ ಫೋಟೋ ಆ ಸಾಲಿನಲ್ಲಿ ಹಾಕಬಾರದು ಎಂದು ಹೇಳಲು ಬಂದ ಎದುರುಮನೆಯವರು ಸುತ್ತಿಗೆ ನೋಡಿ ಕಾಫಿ ಕುಡಿದು ಹೋದರು. ಈಗ ಕೋಟು ತೊಟ್ಟ ಮಾವನ ಪಕ್ಕದಲ್ಲೇ ಅತ್ತೆ ಬೆರಳೆತ್ತಿ ನಿಂತಿದ್ದಾರೆ, ಆ ಕೋಟನ್ನು ಬಿಚ್ಚಿಡಿ ಎನ್ನುತ್ತಿರುವ ಹಾಗಿದೆ.

ಮುಂದಿನ ಭಾನುವಾರ ಅದರ ಇನ್ನೊಂದು ಪ್ರಿಂಟನ್ನೂ, ಸಂತೆಯಲ್ಲಿ, ಬೀದಿಯಲ್ಲಿ, ಮನೆಯಲ್ಲಿ ತೆಗೆದ ಹಳೆಯ ಫೋಟೋಗಳನ್ನೂ ಸಂಘಕ್ಕೆ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಎಲ್ಲ ಹರಡಿ ನೋಡುತ್ತಿದ್ದ ಅಧ್ಯಕ್ಷರು ಈ ಸಲ ಕನ್ನಡಕ ಒರೆಸಲಿಲ್ಲ. "ಸಿಕ್ತಲ್ಲ ಮೇಡಂ ನಿಮ್ದು!" ಎಂದರು. "ನೋಡ್ರಿ, ಇದ್ರಾಗೆ ಇರೋರೆಲ್ಲಾ ನಿಮ್ಗೆ ಬೈತಾ ಅವ್ರೆ." ನೋಡಿದೆ. ಬಸ್ಸಿನ ಕಂಡಕ್ಟರ್, ಟೊಮೆಟೊದವಳು, ನಾನು ಕಳೆದುಕೊಂಡದ್ದನ್ನು ಹುಡುಕಲು ಬಂದಿದ್ದ ಬೀದಿಯವರು, ನಮ್ಮನೆಯವರು, ಕಡೆಗೆ ಆ ಮಂಗ ಕೂಡ, ಎಲ್ಲರ ಮುಖದಲ್ಲೂ ಒಂದೇ ಮಾತು: ಬೇಗ ತೆಗೆದು ತೊಲಗಬಾರದೇ ಮಾರಾಯ್ತಿ! ಹತ್ತು ಜನ ಮತ್ತೆ ನಕ್ಕರು. ನಗಲಿ. ಅವರ ಮಂಗ ಸೂರ್ಯಾಸ್ತ ನೋಡುತ್ತದೆ, ನನ್ನದು ನನ್ನನ್ನು ನೋಡುತ್ತದೆ. ಜನ ನನ್ನೆದುರು ಮುಖವಾಡ ಹಾಕಿಕೊಳ್ಳಲೂ ತಾಳ್ಮೆ ಉಳಿಯದಷ್ಟು ಅವರನ್ನು ಕಾಡುತ್ತೇನೆ ಎಂದಾದರೆ ಅದೇ ನನ್ನ ವಿದ್ಯೆ, ಹೋಗಿ ಎಂದು ಅಲ್ಲೇ ಹೇಳಿ, ನಾಲ್ಕೂ ಪುಸ್ತಕ ಹಿಂದಿರುಗಿಸಿ ಬಂದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆಪರೇಷನ್ ಆಗಿ, ಕರೇ ಕನ್ನಡಕವೂ ಹೋಗಿ, ಹೊಸ ಕಣ್ಣು ಬಂದ ಉಮೇದಿನಲ್ಲಿ ಅತ್ತೆ ಮೊನ್ನೆ ನನ್ನ ಮೊಬೈಲು ಇಸಿದುಕೊಂಡರು. "ಎಲ್ರುದ್ದೂ ತೆಗೀತೀಯ, ನಿಂದೊಂದೂ ಇಲ್ಲ. ನಾಳೆ ನಿಂಗೂ ಕೋಟು ಹಾಕ್ಸಿಬಿಟ್ಟಾರು, ಕುಂತ್ಕ," ಎಂದರು. ಕೂತೆ. ಅತ್ತೆ ಮೊದಲು ತಮ್ಮ ಮೂಗನ್ನೇ ಎರಡು ಸಲ ತೆಗೆದರು. ಹಿಂದೆ ಸರಿದರು, ಮುಂದೆ ಬಂದರು. ಗದ್ದ ಎತ್ತು ಎಂದರು, ಇಳಿಸು ಎಂದರು. ಒಳಗೆ ಒಲೆಯ ಮೇಲೆ ಹಾಲು ಇಟ್ಟಿದ್ದೆ. ನಾನೂ ಎಷ್ಟು ಹೊತ್ತು ಸಹಿಸಲಿ? "ಏನ್ರಿ ಅತ್ತೆ ನಿಮ್ದು? ಬೇಗ ಒತ್ರಿ, ಹಾಲ್ ಉಕ್ತೈತೆ!" ಎಂದೆ. ಟಕ್ ಎಂದಿತು.

ನೋಡಿದರೆ ಬಾಯಿ ತೆರೆದಿದೆ, ಹುಬ್ಬು ಗಂಟಾಗಿದೆ, ತೋರುಬೆರಳು ನೆಟ್ಟಗೆ ಎದ್ದಿದೆ. ಹಲ್ಲು ಎರಡು ಹೆಚ್ಚಿಗೆ ಇರುವುದು ಬಿಟ್ಟರೆ ಗೋಡೆಯ ಮೇಲಿರುವ ಅತ್ತೆಯೇ. "ಹೆಂಗೈತೆ?" ಎಂದು ಅತ್ತೆ ಬೀಗುತ್ತ ಕೇಳಿದರು. ಶೈಲಿ ನನ್ನದು, ಕದ್ದಿದ್ದೀರಿ ಎಂದು ಜಗಳ ತೆಗೆಯಬಹುದಿತ್ತು. ಆದರೆ ತಮ್ಮ ಮುಖವನ್ನು ನಾನು ಯಾವಾಗ ಕದ್ದೆ ಎಂದು ಅವರೂ ತಿರುಗಿ ಕೇಳಬಹುದಿತ್ತು. ಹಾಲು ಉಕ್ಕಿ ಒಲೆ ಆರಿತ್ತು. ಅತ್ತೆ ಆಗಲೇ ಸುತ್ತಿಗೆ ಹುಡುಕಲು ಹೋಗಿದ್ದರು.