ನಾನೂರ ಇಪ್ಪತ್ತು ಕುದುರೆಗೆ ಒಂದು ಕ್ಲಚ್ಚು

ಮೂರು ಸಲ ಲಾಠಿಯೇಟು ತಿಂದಿದ್ದೇನೆ. ಏಳು ಸಲ ಪೊಲೀಸ್ ವ್ಯಾನು ಹತ್ತಿದ್ದೇನೆ. ಒಮ್ಮೆ ಕಾಪು ಪೇಟೆಯಲ್ಲಿ ಓಡಿ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಎದುರು ಅಂಗಾತ ಮಲಗಿ, ಅದರ ಮುಂದಿನ ಚಕ್ರವನ್ನು ಮೂಗಿನಿಂದ ಒಂದು ಗೇಣು ದೂರದಲ್ಲಿ ನೋಡಿದ್ದೇನೆ. ಆಗೆಲ್ಲ ಆಗದ ಆಘಾತ ನನಗಾದದ್ದು ಮೊನ್ನೆ ಮಂಗಳವಾರ ಬೆಳಿಗ್ಗೆ, ಗಂಜಿಗೆ ಉಪ್ಪು ಹಾಕುವಾಗ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ:

"ವಾರಿಜಾ, ಸಿರಾಮಿಕ್ಕಾ, ಆರ್ಗ್ಯಾನಿಕ್ಕಾ?"

ಸಿರಾಮಿಕ್ ಎಂದರೆ ಬಚ್ಚಲಿನ ಟೈಲ್ಸು, ಆರ್ಗ್ಯಾನಿಕ್ ಎಂದರೆ ಹುಳ ತಿಂದು ಬಿಟ್ಟ ಹರಿವೆ ಸೊಪ್ಪು. ನನ್ನ ತಿಳಿವಳಿಕೆ ಅಷ್ಟೇ.

"ಬಚ್ಚಲಿಗಾ, ಪದಾರ್ಥಕ್ಕಾ?"

"ಕ್ಲಚ್ಚಿಗೆ."

ಉಪ್ಪಿನ ಡಬ್ಬಿ ಇಡಿಯಾಗಿ ಗಂಜಿಗೆ ಬಿತ್ತು.

ನನ್ನ ಗಂಡ ಕಿಟ್ಟ. (ಹೌದು, ಹೆಸರು ಹಿಡಿದೇ ಕರೆಯುತ್ತೇನೆ. ಮೇಲೆ ಹೇಳಿದ ಬಸ್ಸನ್ನು ಒಂದು ಗೇಣು ದೂರದಲ್ಲಿ ನಿಲ್ಲಿಸಿದ ಡ್ರೈವರ್ ಅವನೇ. ಬಸ್ಸಿನಿಂದ ಇಳಿದು ಬಂದು ಅವನು ಬೈದ, ಮಲಗಿದಲ್ಲಿಂದಲೇ ನಾನೂ ಬೈದೆ. ಹಾಗೆ ಬೈದುಕೊಂಡವರ ನಡುವೆ ಆಮೇಲೆ ಬಹುವಚನ ಬರುವುದು ಹೇಗೆ?) ಮೂವತ್ತನಾಲ್ಕು ವರ್ಷ ಕಾಪು–ಉಡುಪಿ–ಕಾರ್ಕಳ ಎಕ್ಸ್‌ಪ್ರೆಸ್ ಓಡಿಸಿ ನಿವೃತ್ತನಾದ. ಬೀಡಿ ಕಾರ್ಮಿಕರ ಸಂಘದಲ್ಲಿ ನನಗೆ ನಿವೃತ್ತಿ ಎಂಬುದಿಲ್ಲ. ಹೀಗಾಗಿ ಮನೆಯಲ್ಲಿ ಕೆಲಸವಿಲ್ಲದವನು ಅವನೊಬ್ಬನೇ. ಆರು ತಿಂಗಳು ಜಗಲಿಯಲ್ಲಿ ಕೂತು, ಇಲ್ಲದ ಗೇರನ್ನು ಗಾಳಿಯಲ್ಲಿ ಬದಲಿಸುತ್ತಾ ಇದ್ದ. ಮನುಷ್ಯ ಕೈಬಿಟ್ಟು ಹೋಗುತ್ತಾನೋ ಎಂದು ನನಗೇ ಹೆದರಿಕೆ ಹುಟ್ಟಿತ್ತು.

ಆಗ ಬಂತು ಆ ಕಾರು. ದುಬೈಯಲ್ಲಿರುವ ಅವನ ಅಕ್ಕನ ಮಗ ಲಕ್ಷಿತ್ ಊರಿಗೆ ಬಂದಾಗ ಓಡಿಸಲೆಂದು ಇಟ್ಟುಕೊಂಡದ್ದು. ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಕೆಂಪು ಕಪ್ಪೆಯ ಹಾಗೆ ಉಂಟು. ಹೊಟ್ಟೆಯೊಳಗೆ ಏನೇನೋ ತುಂಬಿಸಿ, ಟ್ಯೂನಿಂಗ್ ಮಾಡಿಸಿ, ನಾನೂರ ಇಪ್ಪತ್ತು ಕುದುರೆಗಳ ಶಕ್ತಿ ಬರಿಸಿದ್ದಾನಂತೆ. "ಮಾವ, ವಾರಕ್ಕೆರಡು ಸಲ ಸ್ಟಾರ್ಟ್ ಮಾಡಿ ಸ್ವಲ್ಪ ಓಡಿಸಿ. ನಿಮ್ಮ ಕೈಯಲ್ಲಾದರೆ ನನಗೆ ಧೈರ್ಯ" ಎಂದು ಬೀಗದ ಕೈ ಕೊಟ್ಟು ಹೋದ. ನಮ್ಮಲ್ಲಿ ಅಳಿಯನ ಸೊತ್ತು ಮಾವನ ಕೈಯಲ್ಲಿ ಎಂದರೆ ದೈವದ ಭಂಡಾರ ಕೈಯಲ್ಲಿದ್ದ ಹಾಗೆ. ಕಿಟ್ಟ ಅಂದಿನಿಂದ ಬೆಳಿಗ್ಗೆ ಗಡ್ಡ ಹೆರೆಯತೊಡಗಿದ. ಇಸ್ತ್ರಿ ಹಾಕಿದ ಅಂಗಿ ಕೇಳತೊಡಗಿದ. ಬದುಕಿದ, ಬಿಡಿ.

ಈಗ ಆ ಕಾರಿನ ಕ್ಲಚ್ಚು ಸುಟ್ಟುಹೋಗಿದೆ. ಎಂಜಿನ್ನು ಬೊಬ್ಬೆ ಹೊಡೆಯುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ. (ನಮ್ಮ ಕೆಲವು ಮುಖಂಡರ ಹಾಗೆ.) ಮಣಿಪಾಲದ ಆಲ್ವಿನ್‌ನ ಗ್ಯಾರೇಜಿಗೆ ಎಳೆಸಿ ಹಾಕಿದ್ದಾನಂತೆ. ಲಕ್ಷಿತ್ ಮುಂದಿನ ಶನಿವಾರ ಊರಿಗೆ ಬರುತ್ತಾನೆ.

"ಮಾವನೇ ಸುಟ್ಟದ್ದು ಅಂತ ಅವನಿಗೆ ಗೊತ್ತಾದರೆ ಬೀಗದ ಕೈ ಮತ್ತೆ ಕೊಡುತ್ತಾನಾ?" ಎಂದು ಕಿಟ್ಟ ತನ್ನ ಎಡಗಾಲನ್ನು ನೋಡಿಕೊಂಡ. "ಮೂವತ್ತನಾಲ್ಕು ವರ್ಷ ಈ ಕಾಲು ಒಂದು ತಪ್ಪು ಮಾಡಲಿಲ್ಲ ವಾರಿಜಾ. ಈಗ ಮುದಿಯಾಯ್ತಾ ಅಂತ."

ಸಂಕಟವಾಯಿತು. ಆದರೆ ಸಂಕಟ ತೋರಿಸಿ ನನಗೆ ಅಭ್ಯಾಸವಿಲ್ಲ.

"ಮುದಿಯಾದದ್ದು ಕಾಲಲ್ಲ, ತಲೆ. ಜೋರು ಬಿಟ್ಟಿದ್ದಿ, ಸುಟ್ಟಿತು. ನಡಿ ಗ್ಯಾರೇಜಿಗೆ, ನಾನೂ ಬರುತ್ತೇನೆ."

"ನೀನು ಯಾಕೆ?"

"ವಿಚಾರಣೆಗೆ."

ಆಲ್ವಿನ್ ಮೂವತ್ತೈದರ ಹುಡುಗ. ಉಗುರಿನ ಸಂದಿನಲ್ಲಿ ಗ್ರೀಸು, ಕುತ್ತಿಗೆಯಲ್ಲಿ ಶಿಲುಬೆ. ಬೆಂಚಿನ ಮೇಲೆ ತಿಂಡಿ ತಟ್ಟೆಯಷ್ಟು ದೊಡ್ಡ ಚಕ್ರಗಳನ್ನು ಜೋಡಿಸಿಟ್ಟು, ನಮ್ಮನ್ನು ಕಂಡ ಕೂಡಲೇ ಶುರು ಮಾಡಿದ.

"ನೋಡಿ ವಾರಿಜಕ್ಕ, ಇದು ಆರ್ಗ್ಯಾನಿಕ್. ಕಂಪೆನಿಯದ್ದರ ಹಾಗೆಯೇ, ಸ್ಪ್ರಿಂಗ್ ಮಾತ್ರ ಗಟ್ಟಿ. ನಯವಾಗಿ ಹಿಡಿಯುತ್ತದೆ. ಆದರೆ ನಾನೂರ ಇಪ್ಪತ್ತನ್ನು ಹಿಡಿದು ನಿಲ್ಲಿಸುವ ತಾಕತ್ತಿಲ್ಲ. ಇದು ಸಿರಾಮಿಕ್. ಎಷ್ಟು ಶಕ್ತಿ ಕೊಟ್ಟರೂ ಜಾರುವುದಿಲ್ಲ. ಆದರೆ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು, ನಡುವೆ ಏನೂ ಇಲ್ಲ. ಪೇಟೆಯಲ್ಲಿ ಕಾರು ಕುಪ್ಪಳಿಸುತ್ತದೆ."

ಮೊದಲನೆಯದು ಮಂದಗಾಮಿ, ಎರಡನೆಯದು ಉಗ್ರಗಾಮಿ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಇಷ್ಟು ಸುಲಭದ ವಿಷಯಕ್ಕೆ ಗಂಡಸರು ಎಷ್ಟು ಜಂಭ ಮಾಡುತ್ತಾರೆ!

"ಮೂರನೆಯದು ಟ್ವಿನ್ ಪ್ಲೇಟ್. ಎರಡು ಸಣ್ಣ ತಟ್ಟೆ ಸೇರಿ ಭಾರ ಹಂಚಿಕೊಳ್ಳುತ್ತವೆ. ಹಿಡಿತವೂ ಉಂಟು, ನಯವೂ ಉಂಟು. ನಿಂತಾಗ ಸ್ವಲ್ಪ ಗಲಗಲ ಶಬ್ದ. ಹೊರದೇಶದಿಂದ ತರಿಸಬೇಕು."

"ಸಂಯುಕ್ತ ರಂಗ" ಎಂದೆ. "ಒಳಗೆ ಗಲಾಟೆ ಇದ್ದೇ ಇರುತ್ತದೆ. ಅದನ್ನೇ ಹಾಕು."

"ಹಾಗೆ ಹಾಕಲಿಕ್ಕಾಗುವುದಿಲ್ಲ ಅಕ್ಕ. ಗಾಡಿ ಯಾರು ಓಡಿಸುತ್ತಾರೆ, ಎಲ್ಲಿ, ಹೇಗೆ, ಅದು ಗೊತ್ತಾಗದೆ ಕ್ಲಚ್ ಆರಿಸಿದರೆ ಆರು ತಿಂಗಳಲ್ಲಿ ಪುನಃ ಸುಡುತ್ತದೆ. ಡಾಕ್ಟರ ಹತ್ತಿರ ಹೇಳಿದ ಹಾಗೆ ಸತ್ಯ ಹೇಳಬೇಕು."

ನಾನು ಸ್ಟೂಲು ಎಳೆದು ಕೂತೆ. ಇಂಥ ಸಭೆಗಳಿಗೆ ಅಧ್ಯಕ್ಷತೆ ವಹಿಸುವುದು ನನಗೆ ಹೊಸತಲ್ಲ. "ಹೇಳು ಕಿಟ್ಟ. ಸತ್ಯ ಹೇಳು. ಬೆಳಿಗ್ಗೆ ಲೈಟ್‌ಹೌಸ್ ತನಕ ಹೋಗಿ ಬರುತ್ತೇನೆ ಅಂತ ನನ್ನಲ್ಲಿ ಹೇಳುತ್ತಿದ್ದಿಯಲ್ಲ, ನಿಜವಾಗಿ ಎಲ್ಲಿಗೆ ಹೋಗುತ್ತಿದ್ದಿ?"

ಕಿಟ್ಟ ನೆಲ ನೋಡಿದ. "ಕಾರ್ಕಳಕ್ಕೆ."

"ಎಲ್ಲಿಗೆ?"

"ಕಾರ್ಕಳ ಬಸ್‌ಸ್ಟ್ಯಾಂಡಿಗೆ. ದಿನಾ. ನನ್ನ ಹಳೆಯ ಟೈಮಿಂಗ್‌ನಲ್ಲಿ. ಆರು ಐವತ್ತೆರಡಕ್ಕೆ ಕಾಪು, ಏಳು ಹದಿನೆಂಟಕ್ಕೆ ಉಡುಪಿ, ಎಂಟು ಹತ್ತಕ್ಕೆ ಕಾರ್ಕಳ. ಅಲ್ಲಿ ಒಂದು ಚಾ ಕುಡಿದು ಎಂಟು ಇಪ್ಪತ್ತೈದಕ್ಕೆ ರಿಟರ್ನ್."

ನಾನೂರ ಇಪ್ಪತ್ತು ಕುದುರೆಯ ಕಾರಿನಲ್ಲಿ ಖಾಲಿ ಟ್ರಿಪ್ಪು! ಒಂದು ಜನ ಇಲ್ಲ, ಒಂದು ಟಿಕೆಟ್ ಇಲ್ಲ, ಟೈಮಿಂಗ್ ಮಾತ್ರ ಪಕ್ಕಾ!

"ಮತ್ತೆ, ಒಂದು ನಿಮಿಷ ಮುಂಚೆ ಮುಟ್ಟಿದರೆ?" ಆಲ್ವಿನ್ ಕುತೂಹಲದಿಂದ ಕೇಳಿದ.

"ಬದಿಗೆ ಹಾಕಿ ಕಾಯುತ್ತೇನೆ. ಮುಂದಿನ ಬಸ್ಸಿನವರ ಟೈಮು ತಿನ್ನಬಾರದಲ್ಲ ಮಾರಾಯ."

"ನೋಡಿದೆಯಾ ಆಲ್ವಿನ್!" ನಾನು ಎದ್ದು ನಿಂತೆ. "ಬರೆದುಕೋ. ನನ್ನಲ್ಲಿ ಸುಳ್ಳು ಹೇಳಿ ದಿನಾ ಕಾರ್ಕಳ. ಎಕ್ಸ್‌ಪ್ರೆಸ್ ಸ್ಪೀಡು. ಸುಡದೆ ಇನ್ನೇನು ಅರಳುತ್ತದಾ? ಇನ್ನು ಬೀಗದ ಕೈ ನನ್ನ ಹತ್ತಿರ ಇರಬೇಕು ಅಂತ ಈ ಸಭೆ ತೀರ್ಮಾನಿಸಿದೆ."

ಆಲ್ವಿನ್ ತೀರ್ಮಾನ ಬರೆದುಕೊಳ್ಳಲಿಲ್ಲ. ಸುಟ್ಟ ಹಳೆಯ ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಸುತ್ತಲೂ ಒಂದೇ ಸಮ ಕಪ್ಪಾಗಿ, ಗಾಜಿನ ಹಾಗೆ ಮಿರುಗುತ್ತಿತ್ತು. ಅದು ಉಜ್ಜಿಕೊಳ್ಳುವ ಉಕ್ಕಿನ ಬಿಲ್ಲೆಯೂ ಬಿಸಿಗೆ ನೀಲಿಗಟ್ಟಿತ್ತು.

"ಇಲ್ಲ ಅಕ್ಕ. ಸ್ಪೀಡಿಗೂ ಇದಕ್ಕೂ ಸಂಬಂಧವಿಲ್ಲ. ಸ್ಪೀಡಿನಲ್ಲಿ ಕ್ಲಚ್ ಪೂರ್ತಿ ಹಿಡಿದುಕೊಂಡಿರುತ್ತದೆ, ಉಜ್ಜುವುದೇ ಇಲ್ಲ. ಕಾರ್ಕಳಕ್ಕೆ ನೂರು ಸಲ ಹೋದರೂ ಹೀಗಾಗುವುದಿಲ್ಲ. ರೇಸಿನವರು ಒಮ್ಮೆಲೇ ಬಿಟ್ಟು ಹಾರಿಸಿದ್ದರೆ ಅಲ್ಲಲ್ಲಿ ಕಲೆ ಬೀಳುತ್ತಿತ್ತು. ಇದು ನಿಧಾನಕ್ಕೆ ಬೆಂದದ್ದು. ಯಾರೋ ಏರುದಾರಿಯಲ್ಲಿ, ಅರ್ಧ ಕ್ಲಚ್ ಒತ್ತಿ ಹಿಡಿದು, ಗಂಟೆಗಟ್ಟಲೆ ತೆವಳಿಸಿದ್ದಾರೆ."

"ನಾನಾ?" ಕಿಟ್ಟನ ಮುಖ ನೋಡಬೇಕಿತ್ತು. "ಅರ್ಧ ಕ್ಲಚ್ಚಾ? ನಾನಾ? ಮಾರಾಯ, ಅರ್ಧ ಕ್ಲಚ್ಚಿನಲ್ಲಿ ಓಡಿಸುವವನನ್ನು ನಾನು ಡ್ರೈವರ್ ಅಂತ ಕರೆಯುವುದೇ ಇಲ್ಲ!"

"ಮತ್ತೆ ಬೇರೆ ಯಾರಾದರೂ ಮುಟ್ಟಿದ್ದಾರಾ ಗಾಡಿಯನ್ನು?"

"ಯಾರೂ ಇಲ್ಲ" ಎಂದ ಕಿಟ್ಟ.

"ನಾನು ಒಮ್ಮೆ ತೆಗೆದಿದ್ದೇನೆ" ಎಂದೆ ನಾನು. ನನ್ನ ಸ್ವರದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. "ಆದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ನಾನು ಬಹಳ ನಿಧಾನ."

ಮೂಲೆಯ ಮೇಜಿನಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದ ಆಲ್ವಿನ್‌ನ ಹೆಂಡತಿ ಪ್ರೆಸಿಲ್ಲಾ ಕುರ್ಚಿ ತಿರುಗಿಸಿ ನನ್ನತ್ತ ನೋಡಿದಳು.

"ಎಷ್ಟು ನಿಧಾನ, ಅಕ್ಕ?" ಆಲ್ವಿನ್ ಮೆತ್ತಗೆ ಕೇಳಿದ.

ಹೇಳಲು ನನಗೇನು ನಾಚಿಕೆ? ಹೆಮ್ಮೆಯಿಂದಲೇ ಹೇಳಿದೆ. ಕಿಟ್ಟ ಹೆಬ್ರಿಗೆ ಯಾರದ್ದೋ ಗೃಹಪ್ರವೇಶಕ್ಕೆ ಹೋಗಿದ್ದ ದಿನ. ನಮ್ಮ ತುಟ್ಟಿಭತ್ಯೆಯ ಮೆರವಣಿಗೆ. ಉಡುಪಿಯಿಂದ ಮಣಿಪಾಲದ ಗುಡ್ಡ ಹತ್ತಿ ಜಿಲ್ಲಾಧಿಕಾರಿಯ ಕಚೇರಿಗೆ ಮನವಿ ಕೊಡುವುದು. ಮೈಕಿನ ರಿಕ್ಷಾದವನು ಕೊನೆಯ ಗಳಿಗೆಯಲ್ಲಿ ಕೈಕೊಟ್ಟ. ಮುನ್ನೂರು ಹೆಂಗಸರು ಬಿಸಿಲಲ್ಲಿ ನಿಂತಿದ್ದಾರೆ. ಮನೆಯ ಮೊಳೆಯಲ್ಲಿ ಬೀಗದ ಕೈ ನೇತಾಡುತ್ತಿದ್ದದ್ದು ನೆನಪಾಯಿತು. ಸಂಘದ ಹಳೆಯ ಜೀಪು ಓಡಿಸಿ ಗೊತ್ತಿದ್ದವಳು ನಾನು. ಕೆಂಪು ಕಾರು, ಕೆಂಪು ಬಾವುಟ, ಮೇಲೆ ಎರಡು ಲೌಡ್‌ಸ್ಪೀಕರು. ಎಂಥ ಕಳೆ!

"ಉಡುಪಿಯಿಂದ ಮಣಿಪಾಲಕ್ಕೆ ಎರಡೂವರೆ ಗಂಟೆ ತೆಗೆದುಕೊಂಡೆ" ಎಂದೆ. "ನಡೆಯುವವರ ಹೆಜ್ಜೆಗೆ ಹೆಜ್ಜೆ. ಮುದುಕಿಯರು ನಿಂತಲ್ಲಿ ನಿಂತೆ, ಹೊರಟಲ್ಲಿ ಹೊರಟೆ. ಏರಿನಲ್ಲಿ ಹಿಂದೆ ಜಾರಬಾರದಲ್ಲ, ಆ ಪೆಡಲನ್ನು ಅರ್ಧದಲ್ಲಿ ಹಿಡಿದೇ ಇದ್ದೆ. ಒಂದು ಕೈಯಲ್ಲಿ ಸ್ಟಿಯರಿಂಗು, ಒಂದು ಕೈಯಲ್ಲಿ ಮೈಕು. ಒಂದು ಕೋಳಿಗೂ ಪೆಟ್ಟಾಗಲಿಲ್ಲ. ಬೇಕಾದರೆ ಹಿಂದೆ ಬರುತ್ತಿದ್ದ ಪೊಲೀಸರನ್ನು ಕೇಳಿ!"

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಸುಟ್ಟ ವಾಸನೆ ಬರಲಿಲ್ಲವಾ?" ಆಲ್ವಿನ್ ಪಿಸುಗುಟ್ಟಿದ.

"ಬಂತಪ್ಪ. ಹಿಂದೆ ಯಾರೋ ಪ್ರತಿಕೃತಿ ಸುಡುತ್ತಿದ್ದಾರೆ ಅಂದುಕೊಂಡು ಇನ್ನೂ ಜೋರಾಗಿ ಕೂಗಿದೆ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಏರುದಾರಿ. ಅರ್ಧ ಕ್ಲಚ್ಚು. ಗಂಟೆಗಟ್ಟಲೆ. ನಲವತ್ತು ವರ್ಷ ಪೊಲೀಸರ ಎದುರು ಬಾಯಿ ಬಿಡದವಳು, ಯಾರೂ ಒತ್ತಾಯಿಸದೆ, ಸ್ಟೂಲಿನ ಮೇಲೆ ಕೂತು, ಸಾಕ್ಷಿಗೆ ಪೊಲೀಸರ ಹೆಸರನ್ನೂ ಕೊಟ್ಟು, ತಪ್ಪೊಪ್ಪಿಗೆ ಬರೆಸಿದ್ದೆ.

ಕಿಟ್ಟ ಬೊಬ್ಬೆ ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನಾನೂ ಹೊಡೆಯುತ್ತಿದ್ದೆ, ಸಮ ಆಗುತ್ತಿತ್ತು. ಅವನು ಹೊಡೆಯಲಿಲ್ಲ. ತನ್ನ ಎಡಗಾಲನ್ನು ಎತ್ತಿ, ಪಾದವನ್ನು ಒಮ್ಮೆ ಮುಂದೆ ಒಮ್ಮೆ ಹಿಂದೆ ಆಡಿಸಿ ನೋಡಿದ. ಮುಖದಲ್ಲಿ ಬೆಳಿಗ್ಗೆಯಿಂದ ಇದ್ದ ಮೋಡ ಹರಿಯಿತು.

"ಸರಿ ಉಂಟು ಕಾಲು" ಎಂದ. ಆಮೇಲೆ, "ಹೋಗಲಿ ಬಿಡು. ಲಕ್ಷಿತ್‌ಗೆ ನಾನೇ ಸುಟ್ಟೆ ಅಂತ ಹೇಳುತ್ತೇನೆ. ನೀನು ಅವನ ಮಾಮಿ. ನಿನ್ನ ಮರ್ಯಾದೆ ಯಾಕೆ ತೆಗೆಯುವುದು."

ಆ ದಿನದ ಎಲ್ಲ ಆಘಾತಗಳಿಗಿಂತ ದೊಡ್ಡದು ಇದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಾಯಿ ಮುಚ್ಚು. ನನ್ನ ಕೇಸಿನಲ್ಲಿ ಇನ್ನೊಬ್ಬರು ಒಳಗೆ ಹೋಗುವ ಪದ್ಧತಿ ನಮ್ಮ ಸಂಘದಲ್ಲಿಲ್ಲ" ಎಂದು ಫೋನು ತೆಗೆದು ದುಬೈಗೆ ಹಚ್ಚಿದೆ. "ಲಕ್ಷಿತ್, ನಾನು ಮಾಮಿ. ನಿನ್ನ ಕ್ಲಚ್ಚು ಸುಟ್ಟಿದ್ದೇನೆ. ನಾನು. ಮಾವ ಅಲ್ಲ" ಎಂದು ಮೆರವಣಿಗೆಯ ಕಥೆಯನ್ನು ಮೊದಲಿನಿಂದ ಹೇಳಿದೆ.

ಆ ಕಡೆಯಿಂದ ಸುಂಯ್ ಎಂಬ ಶಬ್ದ ಬಂತು. ಮರುಭೂಮಿಯ ಗಾಳಿ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅವನು ಉಸಿರು ಎಳೆದುಕೊಳ್ಳುತ್ತಿದ್ದ.

"ಮೇಲೆ... ಲೌಡ್‌ಸ್ಪೀಕರ್... ಕಟ್ಟಿದ್ದಿರಾ ಮಾಮಿ?"

"ಎರಡು."

"ಟ್ವಿನ್ ಪ್ಲೇಟ್ ಹಾಕಿಸಿ" ಎಂದ ಕೊನೆಗೆ, ಜೀವ ಹೋದವನ ಸ್ವರದಲ್ಲಿ. "ಬೀಗದ ಕೈ ಮಾವನ ಹತ್ತಿರವೇ ಇರಲಿ. ಮೊಳೆಯಲ್ಲಿ ಮಾತ್ರ ಬೇಡ. ಆಲ್ವಿನ್‌ಗೆ ಹೇಳಿ, ಆರ್ಡರ್ ಮಾಡುವಾಗ ಯಾರು ಹೇಗೆ ಓಡಿಸಿದ್ದಾರೆ ಅಂತ ಎಲ್ಲ ಸರಿಯಾಗಿ ಬರೆಯಲಿ. ಎಲ್ಲ ಅಂದರೆ ಎಲ್ಲ."

ಕಿಟ್ಟ ಬೆನ್ನು ತಿರುಗಿಸಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬೆವರು ಎಂದ. ಎರಡು ಫ್ಯಾನು ತಿರುಗುತ್ತಿದ್ದವು.

ಪ್ರೆಸಿಲ್ಲಾ ಕಂಪ್ಯೂಟರಿನಲ್ಲಿ ಹೊರದೇಶದ ಕಂಪೆನಿಯ ಫಾರಂ ತೆರೆದಳು. ಎಂಜಿನಿನ ಶಕ್ತಿ, ಗಾಡಿಯ ತೂಕ, ಎಲ್ಲ ತುಂಬಿಸಿದಳು. 'ಬಳಕೆ' ಎಂಬಲ್ಲಿ ದಿನಬಳಕೆ, ರೇಸ್, ಇತರೆ ಎಂದಿತ್ತು.

"ಇತರೆ ಒತ್ತು" ಎಂದ ಆಲ್ವಿನ್.

"ವಿವರ ಕೇಳುತ್ತದೆ. ಎಂತ ಬರೆಯಲಿ?"

"ನಾನು ಹೇಳುತ್ತೇನೆ, ಬರೆ" ಎಂದೆ. ಮನವಿ ಬರೆಸುವುದರಲ್ಲಿ ಜಿಲ್ಲೆಯಲ್ಲೇ ನನ್ನನ್ನು ಮೀರಿಸಿದವರಿಲ್ಲ. ಮಾವನ ಬಳಕೆ: ದಿನಾ ಕಾರ್ಕಳಕ್ಕೆ ಹೋಗಿ ಬರುವುದು, ಟೈಮಿಂಗ್ ಪಕ್ಕಾ. ಮಾಮಿಯ ಬಳಕೆ: ಕಾರ್ಮಿಕರ ಮೆರವಣಿಗೆಯ ಮುಂದಾಳು ವಾಹನ, ಏರುದಾರಿ ಐದು ಕಿಲೋಮೀಟರು, ಎರಡೂವರೆ ಗಂಟೆ, ಅರ್ಧ ಕ್ಲಚ್ಚು, ಎರಡು ಲೌಡ್‌ಸ್ಪೀಕರು, ಮುನ್ನೂರು ಮಹಿಳೆಯರು. ಇಂಥ ಜನಪರ ಬಳಕೆಗೆ ಯಾವ ಕ್ಲಚ್ಚು ಯೋಗ್ಯವೆಂದು ಕೂಡಲೇ ತಿಳಿಸತಕ್ಕದ್ದು. ಪ್ರೆಸಿಲ್ಲಾ ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿದಳು.

ನಲವತ್ತು ವರ್ಷಗಳಲ್ಲಿ ನಾನು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಮನವಿ ಕೊಟ್ಟಿದ್ದೇನೆ. ಪರಿಶೀಲನೆಯಲ್ಲಿದೆ, ಮೇಲಕ್ಕೆ ಕಳುಹಿಸಲಾಗಿದೆ, ಕಡತ ಸಿಗುತ್ತಿಲ್ಲ. ನೇರ ಉತ್ತರ ಒಂದಕ್ಕೂ ಬಂದದ್ದಿಲ್ಲ. ಇದಕ್ಕೆ ಆರು ನಿಮಿಷದಲ್ಲಿ ಬಂತು. ಪ್ರೆಸಿಲ್ಲಾ ಓದಿ, ತುಟಿ ಕಚ್ಚಿಕೊಂಡು, ನನ್ನ ಮುಖ ನೋಡದೆ ಕನ್ನಡದಲ್ಲಿ ಹೇಳಿದಳು:

"'ಮಾನ್ಯರೇ, ಮಾವನವರ ಬಳಕೆಗೆ ಟ್ವಿನ್ ಪ್ಲೇಟ್ ಕಳುಹಿಸುತ್ತಿದ್ದೇವೆ. ಮಾಮಿಯವರ ಬಳಕೆಗೆ ತಕ್ಕ ಕ್ಲಚ್ಚನ್ನು ನಾವಾಗಲಿ ಬೇರೆಯವರಾಗಲಿ ಇನ್ನೂ ತಯಾರಿಸಿಲ್ಲ. ದಯವಿಟ್ಟು ನಡೆಯಿರಿ.'"

ಆಕ್ಷೇಪಿಸಲು ಒಂದು ಅಂಶ ಸಿಗುತ್ತದೋ ಎಂದು ಎರಡು ಸಲ ಓದಿಸಿ ಕೇಳಿದೆ. ಸಿಗಲಿಲ್ಲ.

ಕಿಟ್ಟ ಆಗಲೇ ಗ್ಯಾರೇಜಿನ ಹೊರಗಿದ್ದ. ಇಸ್ತ್ರಿಯ ಅಂಗಿಯನ್ನು ಸರಿಮಾಡಿಕೊಂಡು, ವಾಚು ನೋಡಿ, "ಹನ್ನೊಂದು ಇಪ್ಪತ್ತರ ಕಾಪು ಬಸ್ಸು ಉಡುಪಿಯಿಂದ. ಬರುತ್ತೀಯಾ?" ಎಂದು ಇಳಿಜಾರಿನಲ್ಲಿ ಹೆಜ್ಜೆ ಹಾಕಿದ.

ಅವನ ಎರಡೂ ಕಾಲು ಚೆನ್ನಾಗಿಯೇ ನಡೆಯುತ್ತಿದ್ದವು. ನಾನು ಹತ್ತು ಮಾರು ಹಿಂದೆ, ಘೋಷಣೆ ಇಲ್ಲದೆ.