ಐದನೆಯ ಉಲ್ಲೇಖ

ವಿರೂಪಾಕ್ಷನಿಗೆ ಆ ದಿನ ಬೇಕಾಗಿದ್ದದ್ದು ಒಂದೇ ಒಂದು ಉಲ್ಲೇಖ. ಬೈಲಹೊಂಗಲದ ಪ್ಯಾಟಿಯಲ್ಲಿ ಹತ್ತಿ ಸಿಗುತ್ತದೆ, ಕಡಲೆ ಸಿಗುತ್ತದೆ, ಬೇಕೆಂದರೆ ಜೋಡಿ ಎತ್ತೂ ಸಿಗುತ್ತವೆ. ಉಲ್ಲೇಖ ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ.

ಊರಿನ ಔಷಧ ವಿಜ್ಞಾನ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಸಹಾಯಕ ಪ್ರಾಧ್ಯಾಪಕನಾಗಿದ್ದ ಅವನ ಸಂಶೋಧನೆಯೆಂದರೆ ಇಲಿಗಳಿಗೆ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ ತಿನ್ನಿಸಿ, ಅವುಗಳ ರಕ್ತದಲ್ಲಿ ಕೊಬ್ಬು ಎಷ್ಟು ಇಳಿಯಿತೆಂದು ಅಳೆಯುವುದು. ಈಗ ಅಲ್ಲಿ ಸಹ ಪ್ರಾಧ್ಯಾಪಕರ ಒಂದು ಹುದ್ದೆ ಖಾಲಿಯಾಗಿತ್ತು. ಅದು ಬೇಕೆಂದರೆ ಎಚ್-ಇಂಡೆಕ್ಸ್ ಐದು ಇರಬೇಕು. ಅಂದರೆ ಬರೆದದ್ದರಲ್ಲಿ ಐದು ಪ್ರಬಂಧಗಳನ್ನಾದರೂ ಬೇರೆ ಸಂಶೋಧಕರು ಒಂದೊಂದನ್ನೂ ಐದೈದು ಸಲ ತಮ್ಮ ಬರಹದಲ್ಲಿ ಹೆಸರಿಸಿರಬೇಕು. ವಿರೂಪಾಕ್ಷನ ನಾಲ್ಕು ಪ್ರಬಂಧಗಳು ಈ ಗಡಿ ದಾಟಿದ್ದವು. ಐದನೆಯದಾದ ಅಗಸಿ ಹಿಂಡಿ ಪ್ರಬಂಧ ನಾಲ್ಕು ಉಲ್ಲೇಖಕ್ಕೆ ಬಂದು, ಏರು ದಾರಿಯಲ್ಲಿ ಮಲಗಿದ ಎತ್ತಿನಂತೆ ಮೇಲೇಳಲೊಲ್ಲದು. ತಾನೇ ತನ್ನ ಪ್ರಬಂಧವನ್ನು ಹೆಸರಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ.

ಅರ್ಜಿಗೆ ಇವತ್ತೇ ಕಡೆಯ ದಿನ. ಸಂಜೆ ಐದಾದರೆ ಮುಗಿಯಿತು. ಪ್ರಾಚಾರ್ಯರು ವೆಬ್‌ಸೈಟಿನ ಅಂಕಿ ನಂಬುವ ಪೈಕಿಯವರಲ್ಲ. ಪ್ರತಿ ಉಲ್ಲೇಖದ ಪುಟವನ್ನೂ ಪ್ರಿಂಟ್ ತೆಗೆದು, ಕೆಂಪು ಗೆರೆ ಎಳೆದು, ಅರ್ಜಿಗೆ ಹಚ್ಚಿ ಕೊಡಬೇಕು.

ಹುದ್ದೆ ಸಿಕ್ಕರೆ ಸ್ವಂತ ಕೋಣೆ ಸಿಗುತ್ತಿತ್ತು. ಒಂಬತ್ತು ವರ್ಷದಿಂದ ಅವನ ಕುರ್ಚಿ ಇದ್ದದ್ದು ಇಲಿ ಪಂಜರಗಳ ಪಕ್ಕದಲ್ಲಿ. ಸಂಜೆ ಮನೆಗೆ ಬಂದರೆ ಹೆಂಡತಿ ನಾಗರತ್ನಾ ಅವನ ಅಂಗಿಯನ್ನು ಕೋಲಿನ ತುದಿಯಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಸಹೋದ್ಯೋಗಿ ಶ್ರೀಶೈಲನೂ ಅದೇ ಹುದ್ದೆಗೆ ಅರ್ಜಿ ಬರೆದಿಟ್ಟಿದ್ದ, ಆದರೆ ಅವನದೂ ನಾಲ್ಕಕ್ಕೇ ನಿಂತಿತ್ತು. "ನಂದೇನ ಏಳಂಗಿಲ್ಲ ಬಿಡ್ರಿ, ನಿಮ್ಮದರ ಆಗಲಿ" ಎಂದು ನಿನ್ನೆ ತಾನೇ ಪಾಪ ಬಾಯಿತುಂಬ ಹೇಳಿದ್ದ.

ಬೆಳಗ್ಗೆ ಆರರಿಂದ ವಿರೂಪಾಕ್ಷ ಅಂಗಳದಲ್ಲಿ ಅಡ್ಡಾಡುತ್ತ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ. ಒಬ್ಬರು ಎತ್ತಲಿಲ್ಲ. ಒಬ್ಬರು ಎತ್ತಿ, ಮಗಳ ಮದುವೆಗೆ ಕರೆದರು. ಇನ್ನೊಬ್ಬರು ತಮ್ಮವೇ ಮೂರು ಪ್ರಬಂಧ ಕಳಿಸಿ ಉಲ್ಲೇಖಿಸಲು ಹೇಳಿದರು.

ಪಕ್ಕದ ಮನೆಯ ಹಣಮಂತಪ್ಪ ಕಂಪೌಂಡಿನ ಮೇಲೆ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದ. ಕೃಷಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕ ಹಾಕಿ ನಿವೃತ್ತನಾದ ಮನುಷ್ಯ. ಈಗ ಓಣಿಯ ಮಂದಿಯ ಕಷ್ಟ ಸುಖಗಳನ್ನು ತೂಗುವುದೇ ಅವನ ಕೆಲಸ.

"ಏನ್ ಡಾಕ್ಟರ್ರ, ನಸುಕಿನಿಂದ ಅಂಗಳ ತುಳ್ಯಾಕ ಹತ್ತೀರಿ? ಹೊಟ್ಟಿ ಸರಿ ಇಲ್ಲೇನು?"

ವಿರೂಪಾಕ್ಷ ಇದ್ದದ್ದನ್ನು ಹೇಳಿದ. ಹಣಮಂತಪ್ಪ ಕಣ್ಣು ಮುಚ್ಚಿ ಕೇಳಿದ.

"ಅಂದ್ರ, ನೀವು ಬರದಿದ್ದು ಖರೇ ಐತಿ ಅಂತ ಮಂದಿ ಹೇಳಬೇಕು. ಇಷ್ಟ ಹೌದಿಲ್ಲೋ?"

"ಬಾಯಿಲೆ ಹೇಳಿದ್ರ ನಡ್ಯಾಂಗಿಲ್ಲರಿ ಕಾಕಾ. ಬರದ ಕೊಡಬೇಕು."

"ಬರಸ್ಕೊಂಡ ಬರತೇನಿ ತಗೋರಿ! ಅದಕ್ಯಾಕ ಇಷ್ಟ ಒದ್ದಾಡತೀರಿ?" ಎಂದವನೇ, ವಿರೂಪಾಕ್ಷ "ಅದು ಹಂಗಲ್ಲರಿ" ಎನ್ನುವಷ್ಟರಲ್ಲಿ ಸೈಕಲ್ ಹತ್ತಿ ಹೋಗೇಬಿಟ್ಟ.

ಹತ್ತೂವರೆಗೆ ಬಂದ. ಕೈಯಲ್ಲಿ ಉದ್ದನೆಯ ಹಾಳೆ. "ಅಗಸಿ ಹಿಂಡಿ ದೇಹಕ್ಕೆ ಹಿತ ಎಂದು ವಿರೂಪಾಕ್ಷ ಡಾಕ್ಟರರು ಬರೆದದ್ದು ಸತ್ಯ. ನಾವೆಲ್ಲ ದಿನಾ ತಿನ್ನುತ್ತೇವೆ, ಗಟ್ಟಿಯಾಗಿದ್ದೇವೆ." ಅದರ ಕೆಳಗೆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ನಲವತ್ತೊಂದು ಹಮಾಲರ ಸಹಿ ಮತ್ತು ಹೆಬ್ಬೆಟ್ಟು. ಯಾರೋ ಒಬ್ಬ ಮೂಲೆಯಲ್ಲಿ "ಆದರೆ ಗುರೆಳ್ಳು ಹಿಂಡಿ ಇದಕ್ಕಿಂತ ರುಚಿ" ಎಂದು ಭಿನ್ನಾಭಿಪ್ರಾಯವನ್ನೂ ದಾಖಲಿಸಿದ್ದ.

"ನಿಮಗ ಒಂದ ಬೇಕಿತ್ತು, ನಲವತ್ತೊಂದ ತಂದೇನಿ" ಎಂದು ಹಣಮಂತಪ್ಪ ಬೆವರು ಒರೆಸಿಕೊಂಡ.

ವಿರೂಪಾಕ್ಷನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದ. ಒಂಬತ್ತು ವರ್ಷದಲ್ಲಿ ತನ್ನ ಸಂಶೋಧನೆಯನ್ನು ಇಷ್ಟು ಮಂದಿ ಒಪ್ಪಿದ್ದು ಇದೇ ಮೊದಲು. ಆದರೂ ಪ್ರಾಚಾರ್ಯರ ಮುಂದೆ ಹೆಬ್ಬೆಟ್ಟು ಇಡುವಂತಿರಲಿಲ್ಲ. ಬೇಕಾದದ್ದು ಸಂಶೋಧಕರೇ ತಮ್ಮ ಪ್ರಬಂಧದಲ್ಲಿ ಬರೆದ ಸಾಲು ಎಂದು ಅವನು ಮೆತ್ತಗೆ ತಿಳಿಸಿದ.

ಅಷ್ಟರಲ್ಲಿ ಎದುರು ಮನೆಯ ಶಟ್ಟೆವ್ವ ಹೆಬ್ಬೆಟ್ಟಿನ ಹಾಳೆ ನೋಡಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡು, "ಸಂಶೋಧನಾ ಮಾಡಾವ್ರು ಬೇಕೇನ ತಮ್ಮಾ?" ಎಂದಳು. "ನನ್ನ ಮಗಳ ನಾದಿನಿ ಯಶೋಧಾ ಇಲ್ಲೇನ ಧಾರವಾಡದಾಗ? ಹೆಣ್ಣಮಕ್ಕಳ ರಗತಾ ತಗದ ಅದರ ಮ್ಯಾಲ ಏನೇನೋ ಬರೀತಾಳ. ಹಚ್ಚ ಫೋನ್."

ಫೋನ್ ಹಚ್ಚಿದರು. ಯಶೋಧಾ ವಿಷಯ ಕೇಳಿ ಖುಷಿಯಾದಳು, ಏಕೆಂದರೆ ಧಾರವಾಡದ ಒಂದು ಆನ್‌ಲೈನ್ ಪತ್ರಿಕೆಯ ಇವತ್ತಿನ ಸಂಚಿಕೆಯಲ್ಲಿ ರಕ್ತಹೀನತೆಯ ಬಗ್ಗೆ ಅವಳ ಪ್ರಬಂಧ ಬರಲಿತ್ತು. ಅದೇ ಸಂಚಿಕೆಯಲ್ಲಿ ವಿರೂಪಾಕ್ಷನ ಹೊಸ ಪ್ರಬಂಧವೂ ಇತ್ತು. ಕಡೆಯ ತಿದ್ದುಪಡಿ ಕಳಿಸಲು ಇಬ್ಬರಿಗೂ ಮಧ್ಯಾಹ್ನ ಹನ್ನೆರಡರವರೆಗೆ ಅವಕಾಶ.

"ಹಂಗಾದ್ರ ಹಿಂಗ ಮಾಡೂಣ್ರಿ ಸರ್" ಎಂದಳು ಅವಳು. "ನಿಮ್ಮ ಅಗಸಿ ಹಿಂಡಿ ನಾನು ಒಂದ ಸಾಲಿನ್ಯಾಗ ಸೇರಸ್ತೇನಿ. ನೀವು ನಮ್ಮದೊಂದ ಸೇರಸ್ರಿ. ನನಗೂ ಒಂದ ಕಡಿಮಿ ಬಿದ್ದೈತಿ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಹಣಮಂತಪ್ಪನ ಮುಖ ಅರಳಿತು. "ಅಯ್ಯ, ಇದು ಮುಯ್ಯಾಳು! ಇವತ್ತ ನೀ ನಮ್ಮ ಹೊಲದಾಗ ಕಳೆ ತಗಿ, ನಾಳಿ ನಾ ನಿಮ್ಮ ಹೊಲದಾಗ ತಗೀತೇನಿ. ನಮ್ಮಪ್ಪನ ಕಾಲದಿಂದ ನಾವು ಮಾಡಕೋತ ಬಂದಿದ್ದಕ್ಕ ಇವರು ಉಲ್ಲೇಖ ಅಂತ ಹೆಸರ ಇಟಗೊಂಡ ಕುಂತಾರ ನೋಡ!"

ವಿರೂಪಾಕ್ಷನಿಗೆ ಒಳಗೊಳಗೇ ಚುಚ್ಚಿತು. ಓದದ ಪ್ರಬಂಧವನ್ನು ಉಲ್ಲೇಖಿಸುವುದು ಮಹಾಪಾಪವೆಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಒಂದು ತಾಸು ಕೊರೆಯುವವನು ಅವನೇ. ಆದರೆ ಕಣ್ಣ ಮುಂದೆ ಸ್ವಂತ ಕೋಣೆ, ಅದಕ್ಕೊಂದು ಬಾಗಿಲು, ಮೇಲೆ ತಿರುಗುವ ಫ್ಯಾನು ಕಂಡವು. "ಆತ್ರಿ ಮೇಡಮ್, ಕಳಸ್ರಿ" ಎಂದುಬಿಟ್ಟ.

ಯಶೋಧಾ ಕಳಿಸಿದ್ದು ಹೀಗಿತ್ತು: ಪಾಟೀಲ ಮತ್ತಿತರರು, ಕಬ್ಬು ಕಡಿಯುವ ಹೆಣ್ಣುಮಕ್ಕಳ ಹಿಮ್ಮಡಿ ಬಿರುಕು. ಮೊದಲ ಲೇಖಕರ ಹೆಸರು ಬರೆದು ಉಳಿದವರನ್ನೆಲ್ಲ ಮತ್ತಿತರರು ಎಂದು ಮುಗಿಸುವುದು ಆ ಪತ್ರಿಕೆಯ ಪದ್ಧತಿ. ಅಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು, ಪ್ರಬಂಧ ತೆರೆದು ಓದಲು ಸಮಯವಿರಲಿಲ್ಲ. ಇಲಿಗಳ ಕೊಬ್ಬಿನ ನಡುವೆ ಹೆಣ್ಣುಮಕ್ಕಳ ಹಿಮ್ಮಡಿಯನ್ನು ಎಲ್ಲಿ ತೂರಿಸುವುದು ಎಂಬುದೇ ದೊಡ್ಡ ಚಿಂತೆಯಾಯಿತು.

ನಾಗರತ್ನಾ ಭುಜದ ಮೇಲಿಂದ ಇಣುಕಿದಳು. "ರೀ, ಇಲಿ ಕೊಬ್ಬಿಗೂ ಹಿಮ್ಮಡಿಗೂ ಏನರ ಸಂಬಂಧ ಐತೇನ್ರಿ?"

"ಎರಡೂ ಜೀವ ಇದ್ದವರಿಗೆ ಇರತಾವ" ಎಂದು ಗೊಣಗಿ ಅವನು ಟೈಪ್ ಮಾಡಿದ: "ಎಣ್ಣೆಯಂಶವು ಇಲಿಗಳ ರಕ್ತಕ್ಕೆ ಹಿತಕರ, ಈ ಸಂದರ್ಭದಲ್ಲಿ ಎಣ್ಣೆಯಂಶ ಕಳೆದುಕೊಂಡ ಹಿಮ್ಮಡಿಗಳ ಕುರಿತ ಮಹತ್ವದ ಅಧ್ಯಯನವನ್ನು ಮರೆಯಲಾಗದು." ಓದಿ ನೋಡಿದ. ಅವನಿಗೇ ಒಂದು ಕ್ಷಣ ಸಂಬಂಧ ಇದೆ ಎನಿಸಿತು.

ಕಳಿಸಬೇಕು ಎನ್ನುವಾಗ ಕರೆಂಟ್ ಹೋಯಿತು, ಅದರ ಹಿಂದೆ ವೈಫೈಯೂ ಹೋಯಿತು. ಮೊಬೈಲಿಗೆ ಸಿಗ್ನಲ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ವಿರೂಪಾಕ್ಷ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದ. ಅಲ್ಲಿ ನಾಗರತ್ನಾ ಒಣಹಾಕಿದ್ದ ಶಾವಿಗೆ. "ಬಲಕ್ಕ ಹೋಗ್ರಿ, ಬಲಕ್ಕ!" ಎಂದು ಅವಳು ಕೆಳಗಿನಿಂದ ಕೂಗಿದಳು. ಅವನು ಬಲಕ್ಕೆ ಹೋದ, ಶಾವಿಗೆಯೂ ಬಲಕ್ಕೇ ಇತ್ತು. ಹಣಮಂತಪ್ಪ ಅಂಗಳದಲ್ಲಿ ನಿಂತು "ಇನ್ನ ಐದ ನಿಮಿಷ! ನಾಕ!" ಎಂದು ಹರಾಜಿನ ಧ್ವನಿಯಲ್ಲಿ ಕೂಗತೊಡಗಿದ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ, ಕಾಲಿಗೆ ಶಾವಿಗೆ ಸುತ್ತಿಕೊಂಡು ನಿಂತಿದ್ದ ವಿರೂಪಾಕ್ಷನ ಹಿಮ್ಮಡಿ ಧಾರವಾಡ ಮುಟ್ಟಿತು.

ಮೂರೂವರೆಗೆ ಸಂಚಿಕೆ ಜಾಲದಲ್ಲಿ ಕಾಣಿಸಿತು. ಯಶೋಧಾ ಮಾತು ತಪ್ಪಿರಲಿಲ್ಲ. ರಕ್ತಹೀನತೆಯ ನಡುವೆ ಅಗಸಿ ಹಿಂಡಿ ಬೆಳಗುತ್ತಿತ್ತು. ವಿರೂಪಾಕ್ಷ ಜೆರಾಕ್ಸ್ ಅಂಗಡಿಗೆ ಓಡಿದ. ಅಲ್ಲಿ ಯಾರದೋ ಹೊಲದ ಉತಾರ ಪತ್ರಗಳ ಪ್ರತಿ ತೆಗೆದು ಮುಗಿಯುವವರೆಗೆ ಕಾಯ್ದು, ಪ್ರಿಂಟ್ ತೆಗೆಸಿ, ಗೆರೆ ಎಳೆದು, ಐದಕ್ಕೆ ಹತ್ತು ನಿಮಿಷ ಇರುವಾಗ ಪ್ರಾಚಾರ್ಯರ ಮೇಜಿನ ಮೇಲೆ ಅರ್ಜಿ ಇಟ್ಟ. ಶ್ರೀಶೈಲ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ.

ಪ್ರಾಚಾರ್ಯರು ಒಂದೊಂದೇ ಪುಟ ತಿರುವಿ ಎಣಿಸಿದರು. "ಭೇಷ್ ವಿರೂಪಾಕ್ಷ ಅವರ! ನಿಮ್ಮದು ಐದು ಆತು."

ವಿರೂಪಾಕ್ಷನಿಗೆ ನೆಲದಿಂದ ಒಂದು ಗೇಣು ಮೇಲೆ ನಿಂತಂತಾಯಿತು.

"ಶ್ರೀಶೈಲ ಅವರದೂ ಐದು ಆತು ನೋಡ್ರಿ. ಈಗ ಹತ್ತ ನಿಮಿಷದ ಹಿಂದ" ಎಂದು ಪ್ರಾಚಾರ್ಯರು ಇನ್ನೊಂದು ಪ್ರಿಂಟ್ ಮುಂದೆ ಸರಿಸಿದರು.

ಕೆಂಪು ಗೆರೆಯ ಮೇಲಿನ ಸಾಲು ವಿರೂಪಾಕ್ಷನಿಗೆ ಚೆನ್ನಾಗಿ ಪರಿಚಯವಿತ್ತು. ಈ ಸಂದರ್ಭದಲ್ಲಿ ಎಣ್ಣೆಯಂಶ ಕಳೆದುಕೊಂಡ ಹಿಮ್ಮಡಿಗಳ ಕುರಿತ ಮಹತ್ವದ ಅಧ್ಯಯನವನ್ನು ಮರೆಯಲಾಗದು.

"ಆ ಪ್ರಬಂಧಕ್ಕ ಎಂಟ ಮಂದಿ ಲೇಖಕರ್ರಿ" ಎಂದು ಶ್ರೀಶೈಲ ನಾಚುತ್ತ ಹೇಳಿದ. "ಆರನೇ ಹೆಸರು ನಂದು. ನನಗ ಕಡಿಮಿ ಬಿದ್ದಿದ್ದ ಒಂದ ಉಲ್ಲೇಖಾನೂ ಅದರದ. ಯಶೋಧಾ ಮೇಡಮ್ ನೀವು ಬರದ ಪುಟಾ ಉಳಿದ ಏಳೂ ಮಂದಿಗೆ ಕಳಿಸಿದ್ರು. ನೀವು ಹಿಂಗ ನನಗ ಸಹಾಯ ಮಾಡತೀರಿ ಅಂತ ಕನಸಿನ್ಯಾಗೂ ಅನಕೊಂಡಿದ್ದಿಲ್ಲರಿ."

ಇಬ್ಬರದೂ ಸಮವಾದರೆ ಸೇವಾ ಹಿರಿತನ ನೋಡಬೇಕೆಂದು ನಿಯಮ. ಒಂಬತ್ತು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದ್ದರು. ಪ್ರಾಚಾರ್ಯರು ಹಳೆಯ ಹಾಜರಿ ಪುಸ್ತಕ ತರಿಸಿದರು. ಶ್ರೀಶೈಲನ ಸಹಿ ಬೆಳಗ್ಗೆ ಹತ್ತಕ್ಕೆ ಬಿದ್ದಿತ್ತು. ಸವದತ್ತಿಯಿಂದ ಬರುವಾಗ ಬಸ್ಸು ಪಂಚರ್ ಆಗಿದ್ದರಿಂದ ವಿರೂಪಾಕ್ಷನ ಸಹಿ ಊಟದ ನಂತರ ಬಿದ್ದಿತ್ತು. ಹುದ್ದೆ ಶ್ರೀಶೈಲನ ಪಾಲಾಯಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು ಪ್ರಾಚಾರ್ಯರು. "ನಿಮ್ಮ ದೊಡ್ಡ ಮನಸ್ಸು ನಮಗ ತಿಳೀತು. ಸೋಮವಾರ ಶ್ರೀಶೈಲ ಅವರಿಗೆ ಸನ್ಮಾನ. ಆ ಹಿಮ್ಮಡಿ ಪ್ರಬಂಧದ ಮ್ಯಾಲ ನೀವ ಅರ್ಧಾ ತಾಸ ಮಾತಾಡಬೇಕು. ನಮ್ಮಲ್ಲಿ ಅದನ್ನ ಪೂರ್ತಿ ಓದಿ, ಅದರ ಬೆಲಿ ತಿಳದಾವ್ರು ಅಂದ್ರ ನೀವೊಬ್ಬರ."

ಹೊರಗೆ ಬಂದ ಕೂಡಲೇ ವಿರೂಪಾಕ್ಷ ಶ್ರೀಶೈಲನ ರಟ್ಟೆ ಹಿಡಿದು ವರಾಂಡದ ಮೂಲೆಗೆ ಎಳೆದ. "ಹುದ್ದೆ ಹೋಗಲಿ ಬಿಡ್ರಿ. ಸೋಮವಾರದ್ದಕ್ಕ ಮರ್ಯಾದಿ ಉಳಸ್ರಿ. ಆ ಪ್ರಬಂಧದಾಗ ಏನ ಐತಿ, ಎರಡ ಮಾತು ಹೇಳ್ರಿ."

ಶ್ರೀಶೈಲ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಾನೂ ನಿಮ್ಮನ್ನ ಅದನ್ನ ಕೇಳಬೇಕಂತ ಹೊರಗ ಬಂದೇನ್ರಿ. ಸನ್ಮಾನಕ್ಕ ಉತ್ತರ ಕೊಡಾವ ನಾ ಅಲ್ಲೇನು?"