ಸಾಹುಕಾರರ ಜಪಾನ್ ಕಾರು ಸೊಕ್ಕೆ ಮುಟ್ಟಿದ್ದು

ಗ್ಯಾರೇಜ್ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಎಲ್ಲೋ ಕೆಟ್ಟು ನಿಂತು, ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬಾಗಿಲಿಗೆ ಬರುತ್ತದೆ. ಚನ್ನಗಿರಿಯ ನನ್ನ ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಟ್ರ್ಯಾಕ್ಟರು, ಟಿಲ್ಲರು, ಆಗೊಂದು ಈಗೊಂದು ಜೀಪು. ಇಂಥ ಜಾಗಕ್ಕೆ ನಮ್ಮೂರಿನ ಅಡಿಕೆ ಮಂಡಿ ಸಾಹುಕಾರರೊಬ್ಬರು ಮೂವತ್ತು ವರ್ಷದ ಹಳೇ ಜಪಾನ್ ಸ್ಪೋರ್ಟ್ಸ್ ಕಾರು ತಂದರು. ಅದನ್ನು ರಿಪೇರಿ ಮಾಡಿದ ಎರಡು ವರ್ಷದಲ್ಲಿ ನಕ್ಕಷ್ಟು ನಾನು ಇಡೀ ಆಯುಷ್ಯದಲ್ಲಿ ನಕ್ಕಿಲ್ಲ. ಬೈದುಕೊಂಡಿದ್ದೂ ಅಷ್ಟೇ.

೧. ಉಳಿದರ್ಧ

ಕಾರು ಬಂದಿದ್ದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ, ತಾಡಪಾಲು ಹೊದ್ದುಕೊಂಡು. ಇಳಿಸಿ ನೋಡಿದರೆ ಎರಡೇ ಸೀಟು, ಅಗಲವಾದ ಚಕ್ರ, ಎತ್ತರ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ. ಸಾಹುಕಾರರು ಅದರ ಮೈ ಸವರಿ, “ಮೇಸ್ತ್ರಿ, ಕಾಲೇಜಲ್ಲಿ ಇದರ ಚಿತ್ರ ಗೋಡೆಗೆ ಅಂಟಿಸ್ಕಂಡಿದ್ದೆ ಕಣಯ್ಯ” ಅಂದರು.

ಟಿಲ್ಲರ್ ರಿಪೇರಿಗೆ ಬಂದಿದ್ದ ಮುದುಕರೊಬ್ಬರು ಕಾರಿಗೆ ಒಂದು ಸುತ್ತು ಹಾಕಿದರು. ಬಗ್ಗಿ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: “ಚೆನ್ನಾಗೈತೆ ಸಾಹುಕಾರ್ರೇ. ಮ್ಯಾಲಿನರ್ಧ ಯಾವಾಗ ಬರ್ತೈತೆ?”

ಸಾಹುಕಾರರ ಹೆಂಡತಿಗೆ ನಾವೆಲ್ಲ ಅಕ್ಕಾರು ಅನ್ನುತ್ತೇವೆ. ಅವರು ಸಂಜೆ ಬಂದು ನೋಡಿ ನಗಲಿಲ್ಲ. “ನೋಡ್ರೀ, ನನ್ನ ತವರು ಜಗಳೂರಿನಾಚೆ ಸೊಕ್ಕೆ. ನನ್ನ ಕೂರಿಸ್ಕಂಡು, ಯಾರೂ ತಳ್ಳದಂಗೆ, ಯಾರೂ ಎಳೀದಂಗೆ ಇದು ಸೊಕ್ಕೆ ಮುಟ್ಟಿದ್ರೆ ಮನೇಲಿರ್ಲಿ. ಮುಟ್ಟಲಿಲ್ಲ ಅಂದ್ರೆ ಗುಜರಿಯೋರ್ನ ನಾನೇ ಕರೀತೀನಿ” ಅಂದರು. ಮಂಡಿಯಲ್ಲಿ ಸಾಹುಕಾರರ ಮಾತಿಗೆ ಎದುರಿಲ್ಲ. ಮನೆಯಲ್ಲಿ ಅಕ್ಕಾರ ಮಾತಿಗೆ ಇಲ್ಲ. ಸಾಹುಕಾರರು ಹೂಂ ಅಂದರು.

೨. ಕಳ್ಳತನ

ಇಂಜಿನ್ನಿನ ಬೆಲ್ಟು ಪೂರಾ ಹೋಗಿತ್ತು. ಹೊರದೇಶದಿಂದ ಬರಬೇಕು, ಎರಡು ತಿಂಗಳು ಅಂದರು ಮಾರುವವರು. ಸಾಹುಕಾರರಿಗೆ ಎರಡು ದಿನ ಕಾಯುವ ತಾಳ್ಮೆ ಇಲ್ಲ. ಒಂದು ಬೆಳಿಗ್ಗೆ ಚೀಲದಲ್ಲಿ ಬೆಲ್ಟ್ ಒಂದನ್ನು ಹಿಡಿದು ಬಂದರು. “ಹಾಕಿ ನೋಡು.” ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಇಂಜಿನ್ ಮೊದಲ ಸಲ ಗುರ್ರೆಂದಿತು. ಬಿಳಿ ಅಂಗಿಯ ಸಾಹುಕಾರರು ನನ್ನನ್ನು ಗ್ರೀಸ್ ಸಮೇತ ತಬ್ಬಿಕೊಂಡರು.

ಅರ್ಧ ಗಂಟೆಯೊಳಗೆ ಬಸವಾಪಟ್ಟಣದಿಂದ ಅವರ ಅಣ್ಣ ಬೈಕಿನಲ್ಲಿ ಏದುಸಿರು ಬಿಡುತ್ತಾ ಬಂದರು. “ಮೇಸ್ತ್ರಿ, ನಮ್ಮ ಅಡಿಕೆ ಸುಲಿಯೋ ಮಿಷನ್ ಬೆಲ್ಟ್ ಯಾವನೋ ಕದ್ದವ್ನೆ! ಆಳುಗಳೆಲ್ಲ ಕೈ ಕಟ್ಕಂಡು ಕೂತವ್ರೆ. ನಿನ್ನ ಹತ್ರ ಒಂದು ಐತಾ?”

ಸಾಹುಕಾರರು ಮೆಲ್ಲಗೆ ಬಾನೆಟ್ ಮುಚ್ಚಿ ಅದರ ಮೇಲೆ ಕೂತರು. “ಕಾಲ ಕೆಟ್ಟೋಯ್ತಣ್ಣಾ, ಯಾರ್ನ ನಂಬಾಕೂ ಆಗಲ್ಲ” ಅಂದರು.

೩. ನ್ಯಾಮತಿಯ ಪೇಂಟರು

ಬಣ್ಣಕ್ಕೆ ನ್ಯಾಮತಿಯ ಪೇಂಟರೊಬ್ಬರಿಗೆ ಕೊಟ್ಟೆವು. ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವುದರಲ್ಲಿ ಪಳಗಿದ ಕೈ. ಕೆಂಪು ಬಣ್ಣ ಕನ್ನಡಿಯ ಹಾಗೆ ಬಂದಿತ್ತು. ಸಾಹುಕಾರರು ಖುಷಿಯಿಂದ ಒಂದು ಸುತ್ತು ಹಾಕಿ ಹಿಂದಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು. ನಾನೂ ಹೋಗಿ ನೋಡಿದೆ. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಲೆಂದು ಹುಟ್ಟಿದ ಕಾರಿನ ಬೆನ್ನ ಮೇಲೆ, ಎರಡು ಕಮಲದ ಹೂವಿನ ನಡುವೆ, ಹಳದಿ ಅಕ್ಷರದಲ್ಲಿ ‘ನಿಧಾನವೇ ಪ್ರಧಾನ’.

“ಇದನ್ನ ಯಾರು ಬರೆಯಾಕೆ ಹೇಳಿದ್ರು?” ಅಂತ ಸಾಹುಕಾರರು ಕೂಗಿದರು.

“ಯಾರೂ ಹೇಳಿಲ್ಲ ರೀ. ಬರವಣಿಗೆ ಇಲ್ಲದ ಗಾಡಿ ನಾನು ಹೊರಗೆ ಬಿಟ್ಟೋನೇ ಅಲ್ಲ. ಇದಕ್ಕೇನೂ ತಗಳ್ಳಲ್ಲ, ನನ್ನ ಕಡೆಯಿಂದ.”

ಪ್ರೀತಿಯಿಂದ ಬರೆದಿದ್ದನ್ನು ಅಳಿಸಿ ಅನ್ನುವುದು ಹೇಗೆ? ಸುಮ್ಮನೆ ಕೈಮುಗಿದು ಹೊರಟೆವು. ಬ್ಯಾಟರಿ ಕೂತಿತ್ತು. ಊರು ದಾಟುವವರೆಗೆ ನಾನೇ ತಳ್ಳಿದೆ, ಆ ಎರಡು ಪದ ಓದಿಕೊಳ್ಳುತ್ತಾ.

೪. ಹೊನ್ನಾಳಿಯಲ್ಲಿ ಕಣ್ಣು

ಈ ಕಾರಿನ ದೀಪಗಳು ಬೇಡದಾಗ ಬಾನೆಟ್ಟಿನೊಳಗೆ ಮಲಗಿರುತ್ತವೆ. ಸ್ವಿಚ್ ಒತ್ತಿದರೆ ಕಪ್ಪೆಗಣ್ಣಿನ ಹಾಗೆ ಮೇಲೇಳುತ್ತವೆ. ಪರೀಕ್ಷೆಗೆಂದು ಹೊನ್ನಾಳಿಗೆ ಹೋದಾಗ ಬಸ್ ಸ್ಟ್ಯಾಂಡಿನ ಮುಂದೆ ಬಸ್ಸೊಂದು ಅಡ್ಡ ನಿಂತಿತ್ತು. ನಾವೂ ನಿಂತೆವು. ಆಗ ಎಡಗಡೆ ದೀಪವೊಂದೇ ತಾನಾಗಿ ಏಳತೊಡಗಿತು. ಎದ್ದಿತು, ಮಲಗಿತು, ಮತ್ತೆ ಎದ್ದಿತು. ಎದುರಿಗೆ ಬಸ್ಸಿಗೆ ಕಾಯುತ್ತಿದ್ದವರು ಬರೀ ಹೆಂಗಸರು.

ಅವರಲ್ಲಿ ಹಿರಿಯರೊಬ್ಬರು ಸೆರಗು ಸಿಕ್ಕಿಸಿಕೊಂಡು ಸೀದಾ ಬಂದರು. ಸಾಹುಕಾರರು, “ನಾನಲ್ಲ ತಾಯೀ, ಗಾಡಿ!” ಅಂದರು.

“ಹಣೆ ತುಂಬ ವಿಭೂತಿ ಬಳ್ಕಂಡು, ಮಾಡೋದು ಮಾಡಿ ಗಾಡಿ ಮ್ಯಾಲೆ ಹಾಕ್ತೀಯಲ್ಲಪ್ಪಾ!”

ನಾನು ಇಳಿದು ವೈರ್ ಕಿತ್ತೆ. ಕಣ್ಣು ಅರ್ಧಕ್ಕೆ ನಿಂತಿತು, ಇನ್ನೂ ಅಸಹ್ಯವಾಯಿತು. ನಾವು ಚನ್ನಗಿರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಕ್ಕಾರು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: “ಎಡಗಣ್ಣೋ, ಬಲಗಣ್ಣೋ?”

೫. ಸೊಕ್ಕೆಯ ದಾರಿ

ಕೊನೆಗೂ ಆ ದಿನ ಬಂತು. ಮುಂದೆ ಕಾರು, ಹಿಂದೆ ಬೈಕಿನಲ್ಲಿ ಸಾಮಾನಿನ ಪೆಟ್ಟಿಗೆ ಸಮೇತ ನಾನು. ಜಗಳೂರಿನವರೆಗೆ ಕಾರು ಒಂದು ಕೆಮ್ಮೂ ಕೆಮ್ಮಲಿಲ್ಲ. ಅಲ್ಲಿ ಮಂಡಕ್ಕಿ ತಿಂದೆವು. ಸಾಹುಕಾರರು ಆಗಲೇ ಗೆದ್ದವರಂತೆ ಎರಡನೇ ಪ್ಲೇಟ್ ಹೇಳಿದರು. “ಸೊಕ್ಕೆ ಇನ್ನೂ ಮುಂದೈತೆ” ಅಂದರು ಅಕ್ಕಾರು.

ಸೊಕ್ಕೆ ಇನ್ನೇನು ಎರಡು ಫರ್ಲಾಂಗ್ ಅನ್ನುವಾಗ ರಸ್ತೆ ಕಾಣದಂತೆ ಹುರುಳಿ ಗಿಡ ಹರವಿದ್ದರು. ನಮ್ಮ ಕಡೆ ರಸ್ತೆಯೇ ಕಣ. ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಬಸ್ಸು ಲಾರಿಗೆ ಇದೇನೂ ಅಲ್ಲ. ಈ ಕಾರಿಗೋ, ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗ. ಎರಡೂ ಕಡೆ ಜಾಲಿ ಮುಳ್ಳು, ಪಕ್ಕಕ್ಕೆ ತಿರುಗಿಸುವಂತಿಲ್ಲ.

ಸಾಹುಕಾರರು ದೇವರ ಹೆಸರು ಹೇಳಿ ನುಗ್ಗಿಸಿದರು. ಗಿಡವೆಲ್ಲ ಅಡಿಗೆ ಸುತ್ತಿಕೊಂಡಿತು. ಸುಟ್ಟ ವಾಸನೆ ಬಂತು. ನಟ್ಟ ನಡುವೆ ಕಾರು ನಿಂತೇಬಿಟ್ಟಿತು.

“ನಿಂತೋಯ್ತಾ?” ಅಂದರು ಅಕ್ಕಾರು. ಸಾಹುಕಾರರು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದರು, ಕಣ್ಣಲ್ಲಿ ನೀರು. ತಳ್ಳಬಾರದು, ಎಳೆಯಬಾರದು ಅಂತ ಮಾತಾಗಿತ್ತು. ಕೆಳಗೆ ತೂರಬಾರದು ಅಂತ ಯಾರೂ ಅಂದಿರಲಿಲ್ಲ. ತೂರಿದೆ. ಎರಡು ತೆಕ್ಕೆ ಹುರುಳಿ ಕಿತ್ತು ಹಾಕಿದೆ. ಇಂಜಿನ್ ಮತ್ತೆ ಉಸಿರಾಡಿತು.

ಅಷ್ಟರಲ್ಲಿ ಹೊಲದಿಂದ ಒಬ್ಬರು ಓಡಿ ಬಂದರು. ನೋಡಿದರೆ ಅಕ್ಕಾರ ಸ್ವಂತ ತಮ್ಮ. ಹುರುಳಿ ಅವರದೇ. ಇನ್ನು ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ಚಕ್ರ ಹಾದ ಜಾಗದಿಂದ ಒಂದು ಹಿಡಿ ಎತ್ತಿ, ಉಫ್ ಎಂದು ಊದಿ, ಅಂಗೈಯಲ್ಲಿ ಉಳಿದ ಕಾಳು ನೋಡಿದರು.

“ಭಾವಾ! ಲಾರಿ ಹತ್ತಿದ್ರೆ ಕಾಳು ಬ್ಯಾಳೆ ಆಗ್ತೈತೆ. ಬೈಕ್ ಹತ್ತಿದ್ರೆ ಕಾಯೇ ಬಿಚ್ಚಲ್ಲ. ನಿಮ್ಮ ಗಾಡಿ ಹದ ನೋಡ್ರಿ, ಒಂದು ಕಾಳು ಒಡೆದಿಲ್ಲ! ಗಿಡ ತೆಳ್ಳಗೆ ಹರವಿಸ್ತೀನಿ, ಹಿಂದಕ್ಕೆ ತಗಂಡು ಇನ್ನೊಂದ್ಸಲ ಬರ್ರಿ.”

ಇನ್ನೊಂದು ಸಲ ಹೋಗಿ ಇಪ್ಪತ್ತು ಸಲವಾಯಿತು. ಪಕ್ಕದ ಹೊಲದವರೂ ತಮ್ಮ ಹುರುಳಿ ಹೊತ್ತು ತಂದು ಪಾಳಿ ಹಚ್ಚಿದರು. ಪ್ರತಿ ಸುತ್ತಿಗೂ ನಾನು ಅಡಿಗೆ ತೂರುವುದು, ಗಿಡ ಕೀಳುವುದು. ಅಕ್ಕಾರು ಜಾಲಿ ನೆರಳಲ್ಲಿ ಮೊರ ಹಿಡಿದು ಕೂತು ಹುರುಳಿ ಕೇರುತ್ತಿದ್ದರು.

ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಅಕ್ಕಾರನ್ನು ಮೊರದ ಸಮೇತ ಕೂರಿಸಿಕೊಂಡು ತವರಿನ ಬಾಗಿಲಿಗೇ ಕಾರು ತಂದು ನಿಲ್ಲಿಸಿ, ಮೈಯೆಲ್ಲ ಧೂಳಾದ ಸಾಹುಕಾರರು ಮೆಲ್ಲಗೆ ಕೇಳಿದರು: “ಏನಂತೀಯೇ? ಗುಜರಿಗೆ ಹಾಕಾಣೋ?”

ಅಕ್ಕಾರು ಮೊರ ಕೆಳಗಿಟ್ಟು ಗಂಡನನ್ನು ಮೇಲಿಂದ ಕೆಳಗೆ ನೋಡಿದರು. “ನಿಮಗೇನು ತಲೆಗಿಲೆ ಕೆಟ್ಟೈತಾ? ಮುಂದಿನ ತಿಂಗಳು ಕಡ್ಲೆ ಬರ್ತೈತೆ, ಅದನ್ನ ನಿಮ್ಮಪ್ಪ ಬಂದು ಒಕ್ತಾನಾ?”